ಒಂದು ಸ್ಟಾಪು ಮೊದಲೇ

ಎಕ್ಸ್‌ರೇ ಕೋಣೆಯಲ್ಲಿ ವೃತ್ತಿಜೀವನವನ್ನೆಲ್ಲ ಕಳೆದ ಆ ಮನುಷ್ಯ ರೋಗಿಗಳಿಗೆ ಉಸಿರು ಹಿಡಿಯಲು ಹೇಳುತ್ತಿದ್ದರೇ ಹೊರತು ಬಿಡಲು ಹೇಳುತ್ತಿರಲಿಲ್ಲ. "ಉಸಿರು ಎಳ್ಕೊಳ್ಳಿ, ಹಿಡೀರಿ" ಎನ್ನುವವರೆಗೆ ಎಲ್ಲ ಟೆಕ್ನಿಷಿಯನ್ನರಂತೆಯೇ. ಯಂತ್ರ ಗುಂಯ್‌ಗುಟ್ಟಿ ನಿಂತ ಮೇಲೆ ಉಳಿದವರು "ಬಿಡಿ" ಎನ್ನುವ ಕಡೆ ಇವರು "ಆಯ್ತು" ಎನ್ನುತ್ತಿದ್ದರು. ಅದೂ ಮೃದುವಾಗಿ, ದೊಡ್ಡದೊಂದು ಗಂಡಾಂತರ ಕಳೆಯಿತೆಂದು ಸಮಾಧಾನ ಹೇಳುವವರ ಹಾಗೆ. ಎದೆಯೊಳಗೆ ಏನು ಕೂತಿದೆಯೋ ಎಂದು ಹೆದರಿ ಬಂದವರಿಗೆ ಆ ಮಾತು ಹಿತವಾಗಿ ಕೇಳುತ್ತಿತ್ತು. ಆಸ್ಪತ್ರೆಯ ಕಿರಿಯರು ಅವರಿಗೆ ಆಯ್ತಪ್ಪ ಎಂದು ಹೆಸರಿಟ್ಟರು. ಕಾಲಕ್ರಮೇಣ ತಂದೆತಾಯಿ ಇಟ್ಟ ಹೆಸರು ಬಳಕೆಯಿಂದಲೇ ಹೋಯಿತು. ಅವರು ಬೇಸರಪಡಲಿಲ್ಲ, ನಿಜ ಹೇಳಬೇಕೆಂದರೆ ಅದರಿಂದ ಅವರಿಗೆ ಉಪಕಾರವೇ ಆಗಿತ್ತು.

ಆ "ಆಯ್ತು" ಹುಟ್ಟಿದ್ದು ಒಬ್ಬ ಬಡಗಿಯ ದೆಸೆಯಿಂದ. ಅವರು ಕೆಲಸಕ್ಕೆ ಸೇರಿದ ಹೊಸತು. ಕೆಮ್ಮೆಂದು ಬಂದಿದ್ದ ಬಡಗಿ ಎದೆಯನ್ನು ಫಲಕಕ್ಕೆ ಒತ್ತಿ, ಹೇಳಿದಂತೆ ಉಸಿರು ಹಿಡಿದು ನಿಂತ. ಚಿತ್ರ ತೆಗೆದದ್ದಾಯಿತು. ಗಾಜಿನ ಈಚೆ ಆಯ್ತಪ್ಪನವರ ತುಟಿಗಳು "ಬಿಡಿ"ಯ ಮೊದಲ ಅಕ್ಷರದ ಮೇಲೆ ಕೂಡಿಕೊಂಡವು, ಬಿಚ್ಚಲಿಲ್ಲ. ಕಣ್ಣು ಮುಚ್ಚಿತು, ಕತ್ತಿನ ನರ ಉಬ್ಬಿತು, ಮಾತು ಹೊರಬರಲಿಲ್ಲ. ಬಡಗಿಯೋ, ಹೇಳಿದ ಮಾತು ಮೀರುವ ಜಾತಿಯವನಲ್ಲ. ಮುಖ ಕೆಂಪಾಗಿ, ಕೆಂಪು ಕಪ್ಪಿಗೆ ತಿರುಗಿ, ಕೊನೆಗೆ ಭುಸ್ಸೆಂದು ಉಸಿರು ಬಿಟ್ಟು ಹೊರಗೆ ಬಂದ.

"ಏನ್ ಸ್ವಾಮಿ, ನೀವು ಹೇಳೋ ತನಕ ಕಾದಿದ್ರೆ ನನ್ನ ಹೆಣದ ಪೆಟ್ಟಿಗೇನ ನಾನೇ ಮಾಡ್ಕೋಬೇಕಾಗ್ತಿತ್ತಲ್ಲ" ಎಂದ.

ಬಡಗಿ ನಕ್ಕು ಹೋದ. ಆಯ್ತಪ್ಪ ಆ ಮಾತನ್ನು ನಿವೃತ್ತಿಯವರೆಗೂ ಮರೆಯಲಿಲ್ಲ. ಮರುದಿನದಿಂದ "ಬಿಡಿ" ಅವರ ಬಾಯಿಂದ ಹೊರಟುಹೋಯಿತು. ಅದರ ಹಿಂದೆ ಇನ್ನೂ ಎಷ್ಟೋ ಮಾತುಗಳು ಹೊರಟವು.

ಅವರಿಗೆ ಉಗ್ಗು ಇತ್ತು. ಪದದ ಮೊದಲಿಗೇ ಬರುವ, ತುಟಿ ಎರಡೂ ಕೂಡಿ ಹುಟ್ಟುವ ಅಕ್ಷರಗಳ ಬಾಗಿಲಲ್ಲಿ ಅವರ ಮಾತು ನಿಂತುಬಿಡುತ್ತಿತ್ತು. ಇಷ್ಟು ಸರಳವಾದ ಸಂಗತಿ ಆ ಕಟ್ಟಡದಲ್ಲಿ ಹೆಚ್ಚುಕಡಿಮೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅವರು ಉಗ್ಗಿದ್ದನ್ನು ಯಾರೂ ಕೇಳಿರಲಿಲ್ಲ. ಎದುರಿಗೆ ಕಷ್ಟದ ಪದವೊಂದು ಬರುತ್ತಿರುವುದು ಅವರಿಗೆ ದೂರದಿಂದಲೇ ಕಾಣುತ್ತಿತ್ತು. ಸಾಲ ಕೊಟ್ಟವನನ್ನು ಕಂಡವರು ಪಕ್ಕದ ಗಲ್ಲಿಗೆ ತಿರುಗುವಂತೆ ತಿರುಗಿಬಿಡುತ್ತಿದ್ದರು. ಭುಜ ಎನ್ನಬೇಕಾದಲ್ಲಿ ಹೆಗಲು, ಬೆನ್ನು ಎನ್ನಬೇಕಾದಲ್ಲಿ ಹಿಂಭಾಗ. ರೋಗಿಗೆ "ಮಲಗಿ" ಎನ್ನದೆ "ಅಡ್ಡಾಗಿ" ಎನ್ನುತ್ತಿದ್ದರು. "ಬನ್ನಿ" ಎನ್ನುವ ಬದಲು ಬಾಗಿಲನ್ನು ಅಗಲವಾಗಿ ತೆರೆದು, ತಲೆ ಸ್ವಲ್ಪ ಬಾಗಿಸಿ, ಅತಿಥಿಯನ್ನು ಬರಮಾಡಿಕೊಳ್ಳುವಂತೆ ಕೈ ತೋರಿಸುತ್ತಿದ್ದರು. ಎಂಥ ಸಂಸ್ಕಾರವಂತರು ಎಂದು ರೋಗಿಗಳು ಹೊಗಳುತ್ತಿದ್ದರು. ಆ ವಿಭಾಗದ ಮುಖ್ಯಸ್ಥೆಯಾದ ನನ್ನನ್ನು ಇಡೀ ಆಸ್ಪತ್ರೆ "ಮೇಡಂ" ಎನ್ನುತ್ತಿದ್ದರೆ ಅವರೊಬ್ಬರು "ಡಾಕ್ಟ್ರೇ" ಎನ್ನುತ್ತಿದ್ದರು. ನನ್ನ ವಿದ್ಯೆಗೆ ಸಲ್ಲಿಸುವ ಗೌರವ ಅದೆಂದು ನಾನು ತಿಳಿದಿದ್ದೆ.

ಅವರ ನಡಿಗೆಯೂ ವಿಚಿತ್ರವಾಗಿತ್ತು. ಎಕ್ಸ್‌ರೇ ಕೋಣೆಯಲ್ಲಿ ತೊಡುವ ಸೀಸದ ಮೇಲಂಗಿ ಮಣಭಾರದ್ದು. ಉಳಿದವರು ಕೆಲಸ ಮುಗಿದ ಕ್ಷಣವೇ ಅದನ್ನು ಕಳಚಿ ಗೂಟಕ್ಕೆ ಹಾಕುತ್ತಿದ್ದರು. ಆಯ್ತಪ್ಪ ಅದನ್ನು ತೊಟ್ಟುಕೊಂಡೇ ಹಜಾರ ದಾಟುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಭಾರಕ್ಕೆ ಮೈ ತುಸು ಹಿಂದಕ್ಕೆ ವಾಲಿ, ನಿಧಾನವಾಗಿ, ನೀರಿನಲ್ಲಿ ನಡೆಯುವವರ ಹಾಗೆ ಕಾಲಿಡುತ್ತಿದ್ದರು. ಸೀಸದ ಅಂಗಿ ತೊಟ್ಟವನು ಕೆಲಸದ ನಡುವೆ ಬಂದವನು, ಅವನನ್ನು ತಡೆದು ನಿಲ್ಲಿಸಿ ಯಾರೂ ಯೋಗಕ್ಷೇಮ ಕೇಳುವುದಿಲ್ಲ.

ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವರು ತಮ್ಮ ಸ್ಟಾಪಿಗಿಂತ ಒಂದು ಸ್ಟಾಪು ಮೊದಲೇ ಇಳಿದು ನಡೆಯುತ್ತಿದ್ದರು. ಬಿಸಿಲಿರಲಿ ಮಳೆಯಿರಲಿ ತಪ್ಪಿದ್ದಲ್ಲ. ಅವರ ಮನೆಯ ಆಚೆಗೇ ನನ್ನ ಮನೆ. ಕಾರು ರಿಪೇರಿಗೆ ಹೋದಾಗಲೆಲ್ಲ ಅದೇ ಬಸ್ಸು ಹಿಡಿಯುತ್ತಿದ್ದ ನಾನು ಇದನ್ನು ಎಷ್ಟೋ ಬಾರಿ ನೋಡಿದ್ದೇನೆ. "ಈ ವಯಸ್ಸಲ್ಲೂ ಎಷ್ಟು ಶಿಸ್ತು ನೋಡಿ" ಎಂದು ನಮ್ಮ ನರ್ಸ್ ಒಬ್ಬಳು ಅವರನ್ನು ತೋರಿಸಿ ತನ್ನ ದಪ್ಪ ಗಂಡನನ್ನು ಮೂದಲಿಸುತ್ತಿದ್ದಳು. ಅವರ ಸ್ಟಾಪಿನ ಹೆಸರು ತುಟಿ ಕೂಡುವ ಅಕ್ಷರದಿಂದ ಶುರುವಾಗುತ್ತಿತ್ತು. ಕಂಡಕ್ಟರನ ಮುಂದೆ ಅದನ್ನು ಹೇಳಲಾರರು. ಹಿಂದಿನ ಸ್ಟಾಪಿನ ಹೆಸರು ಸುಲಭದ್ದು. ಇದನ್ನೆಲ್ಲ ಅವರೇ ಬಹಳ ತಡವಾಗಿ ನನಗೆ ತುಂಡುತುಂಡಾಗಿ ಹೇಳಿದರು.

ಮುಖ್ಯ ಟೆಕ್ನಿಷಿಯನ್ ಹುದ್ದೆ ಖಾಲಿಯಾದಾಗಲೆಲ್ಲ ನಾನು ಅವರ ಹೆಸರು ಸೂಚಿಸುತ್ತಿದ್ದೆ. "ನನಗ್ಯಾಕೆ ಡಾಕ್ಟ್ರೇ, ಇರೋದೇ ಸಾಕು" ಎಂದು ಅವರು ನಕ್ಕು ಜಾರಿಕೊಳ್ಳುತ್ತಿದ್ದರು. ಅದು ಸುಳ್ಳು. ಆ ಹುದ್ದೆ ಅವರಿಗೆ ಬೇಕಿತ್ತು, ಸಂಬಳಕ್ಕಾಗಿ ಅಲ್ಲ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವ ಕೆಲಸ ಮುಖ್ಯ ಟೆಕ್ನಿಷಿಯನ್ನನದು, ಮತ್ತು ಅವರ ಬಳಿ ಹೇಳುವುದು ಬಹಳವಿತ್ತು. ಮುರಿದ ಮಣಿಕಟ್ಟನ್ನು ಎಳೆಯದೆ ತಿರುಗಿಸುವುದು ಹೇಗೆ, ತಣ್ಣಗಿನ ಫಲಕದ ಮೇಲೆ ಮೊದಲು ತಮ್ಮ ಅಂಗೈ ಇಟ್ಟು ಬೆಚ್ಚಗಾಗಿಸಿ ಆಮೇಲೆ ಮುದುಕಿಯ ಎದೆ ತಾಗಿಸುವುದು ಏಕೆ, ಇಂಥವನ್ನು ಅವರು ಕೈಯಿಂದ ಮಾಡಿ ತೋರಿಸಬಲ್ಲವರಾಗಿದ್ದರು. ತರಗತಿಯಲ್ಲಿ ನಿಂತು ಹೇಳಬೇಕೆಂದು ಆಸೆ. ಕೊನೆಯ ಬಾರಿ ಹುದ್ದೆ ಖಾಲಿಯಾದಾಗ ಅವರ ನಿವೃತ್ತಿ ದೂರವಿರಲಿಲ್ಲ. ಇದು ತಪ್ಪಿದರೆ ಇನ್ನೊಂದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಅವರು ಯೋಚಿಸಿ ಹೇಳುತ್ತೇನೆಂದರು.

ಮನೆಯಲ್ಲಿ ಹೆಂಡತಿಯ ಮುಂದೆ ಮಾತ್ರ ಅವರು ಧಾರಾಳವಾಗಿ ಉಗ್ಗುತ್ತಿದ್ದರು. ಆಕೆ ನೇರ ಮಾತಿನ ಹೆಂಗಸು.

"ಈ ಸಲಾನೂ ನಂಗೆ ಬೇಡ ಅಂತ ಹೇಳಿ ಬಂದ್ರಾ?" ಎಂದು ಆಕೆ ತರಕಾರಿ ಹೆಚ್ಚುತ್ತ ಕೇಳಿದರಂತೆ.

"ಇನ್ನೂ ಹೇಳಿಲ್ಲ."

"ಹೇಳ್ಬೇಡಿ. ಅಲ್ಲಾ ರೀ, ಫೋನಲ್ಲಿ ನಿಮ್ಮ ಬದಲು ನಾನು ಮಾತಾಡ್ತೀನಿ, ಅಂಗಡೀಲಿ ನಾನು ಮಾತಾಡ್ತೀನಿ. ಇಂಟರ್‌ವ್ಯೂಗೂ ನಿಮ್ಮ ಶರಟು ಹಾಕ್ಕೊಂಡು ನಾನೇ ಬರೋಕಾಗುತ್ತಾ? ಅದಕ್ಕೆ ಅಂತ ಡಾಕ್ಟ್ರಿದ್ದಾರಂತಲ್ಲ, ಹೋಗಿ ತೋರಿಸ್ಕೊಳ್ಳಿ."

"ಈ ವಯಸ್ಸಲ್ಲಾ?"

"ವಯಸ್ಸಾದ್ಮೇಲೆ ಕನ್ನಡಕ ಹಾಕಿಸ್ಕೊಳ್ಳಿಲ್ವಾ? ಹಂಗೇ ಇದೂನು."

ನಮ್ಮ ಆಸ್ಪತ್ರೆಯಲ್ಲೇ ಸ್ಪೀಚ್ ಥೆರಪಿಯ ಕೋಣೆಯಿತ್ತು; ಎಕ್ಸ್‌ರೇ ಕೋಣೆಯಿಂದ ಹೊರಟು ಅದೇ ಹಜಾರದ ತುದಿಗೆ ಹೋದರೆ ಸಾಕು. ಅಲ್ಲಿನ ಥೆರಪಿಸ್ಟ್ ದಿನವೂ ನಮ್ಮೊಡನೆ ಚಹಾ ಕುಡಿಯುವವರು. ಅವರ ಕಣ್ಣಿಂದಲೇ ತಮ್ಮ ಉಗ್ಗನ್ನು ಇಷ್ಟು ಕಾಲ ಮುಚ್ಚಿಟ್ಟುಕೊಂಡು ಬಂದ ಆಯ್ತಪ್ಪನವರಿಗೆ ಆ ಬಾಗಿಲು ತಟ್ಟಲು ಕೈ ಏಳಲಿಲ್ಲ. ಊರಿನ ಇನ್ನೊಂದು ಕೊನೆಯಲ್ಲಿದ್ದ, ತಮ್ಮ ಗುರುತಿನವರು ಯಾರೂ ಇಲ್ಲದ ಆಸ್ಪತ್ರೆಯೊಂದಕ್ಕೆ ಹೋದರು.

ಅಲ್ಲಿನ ಕೌಂಟರಿನಲ್ಲಿ ಕೂತಿದ್ದವನು ತಲೆ ಎತ್ತದೆ "ಹೆಸರು?" ಎಂದ.

ಅವರ ಹೆಸರೂ ತುಟಿ ಕೂಡುವ ಅಕ್ಷರದ್ದೇ. ಭುಜಕ್ಕೆ ಹೆಗಲಿದೆ, ಬೆನ್ನಿಗೆ ಹಿಂಭಾಗವಿದೆ. ಮನುಷ್ಯನ ಹೆಸರಿಗೆ ಬದಲಿ ಪದವಿಲ್ಲ. ತುಟಿ ಬಿಗಿಯಿತು. ಹಿಂದೆ ಸಾಲು ಬೆಳೆಯುತ್ತಿತ್ತು.

"ಏನ್ರೀ, ಹೆಸರೇ ಮರೆತೋಯ್ತಾ? ಹಿಂದೆ ಜನ ಇದಾರೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಗ ಅವರ ಬಾಯಿಂದ ಸಲೀಸಾಗಿ ಒಂದು ಹೆಸರು ಹೊರಬಂತು. ಅದು ಅವರ ಹೆಂಡತಿಯ ತಮ್ಮನದು. ಸ್ವರದಿಂದ ಶುರುವಾಗುವ, ನಾಲಗೆಗೆ ಎಲ್ಲಿಯೂ ತಡೆಯಿಲ್ಲದ ಹೆಸರು. ಆ ಹೆಸರಿನವನಾದರೋ ಅರಳು ಹುರಿದಂತೆ ಮಾತಾಡುವವನು.

ಒಳಗಿದ್ದ ಥೆರಪಿಸ್ಟ್ ಎಳೆಯ ವಯಸ್ಸಿನ ಹುಡುಗಿ, ಶ್ರದ್ಧೆಯುಳ್ಳವಳು. ತುಟಿಗಳನ್ನು ಒತ್ತದೆ ಹಗುರವಾಗಿ ತಾಗಿಸುವುದನ್ನು, ಮೊದಲ ಸ್ವರವನ್ನು ಎಳೆದು ಅದರ ಮೇಲೆ ಮಾತನ್ನು ತೇಲಿಬಿಡುವುದನ್ನು ಕಲಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಿಸಿಕೊಳ್ಳಬೇಡಿ, ಕಷ್ಟದ ಪದ ಬಂದರೆ ಎದುರು ನಿಂತು ಉಗ್ಗಿಯೇ ಹೇಳಿ ಎಂದಳು. ಆಯ್ತಪ್ಪ ನಿಷ್ಠೆಯಿಂದ ಕಲಿತರು. ಅವಳ ಮುಂದೆ "ಬೆನ್ನು" ಎಂದರು, "ಬಿಡಿ" ಎಂದರು. ಅವಳು ಪ್ರತಿಬಾರಿಯೂ ಅವರನ್ನು ಭಾವಮೈದುನನ ಹೆಸರಿನಿಂದ ಕರೆಯುತ್ತಿದ್ದಳು. ಇವತ್ತು ಹೇಳಿಬಿಡೋಣ ಎಂದುಕೊಂಡು ಹೊರಡುವರು, ಹೇಳದೆ ಬರುವರು. ತಪ್ಪಿಸಿಕೊಳ್ಳಬಾರದೆಂದು ಕಲಿಸುವವಳ ಮುಂದೆಯೇ ಅಷ್ಟು ದೊಡ್ಡದಾಗಿ ತಪ್ಪಿಸಿಕೊಂಡದ್ದನ್ನು ಯಾವ ಬಾಯಲ್ಲಿ ಹೇಳುವುದು. ವಾರಗಳು ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಕೊನೆಗೆ ಅವಳು ಪರಿಚಯ ಹೇಳಿಕೊಳ್ಳುವ ಅಭ್ಯಾಸ ಮಾಡಿಸಿದಳು. "ನಮಸ್ಕಾರ, ನಾನು" ಎಂದು ತೊಡಗಿ, ಭಾವಮೈದುನನ ಹೆಸರನ್ನು ಅವರು ನೀರು ಹರಿದಂತೆ ಹೇಳಿದರು.

"ನೋಡಿ ಸರ್, ಎಲ್ಲರಿಗೂ ಕಷ್ಟ ಆಗೋದೇ ಸ್ವಂತ ಹೆಸರು" ಎಂದು ಅವಳು ಸಂತೋಷಪಟ್ಟಳು. "ನಿಮಗೆ ಅದೇ ಸಲೀಸು. ಇನ್ನೇನು ಭಯ ಇಲ್ಲ, ಹೋಗ್ಬನ್ನಿ."

ಸಂದರ್ಶನ ಮಂಡಳಿಯಲ್ಲಿ ನಾನೂ ಇದ್ದೆ. ಅಧ್ಯಕ್ಷತೆ ಆಡಳಿತಾಧಿಕಾರಿಯದು, ಹೊಸಬರು, ಗಡಿಯಾರ ನೋಡುತ್ತಲೇ ಇರುವವರು. ಆಯ್ತಪ್ಪ ಇಸ್ತ್ರಿ ಮಾಡಿದ ಶರಟಿನಲ್ಲಿ ಒಳಗೆ ಬಂದರು. ಸೀಸದ ಅಂಗಿಯಿಲ್ಲದೆ ಅವರ ನಡಿಗೆ ಹಗುರವಾಗಿತ್ತು. ನೆಟ್ಟಗೆ ಕೂತು ನನ್ನ ಕಡೆಗೊಮ್ಮೆ ನೋಡಿದರು. ಆ ನೋಟದಲ್ಲಿ ಎಂದೂ ಇಲ್ಲದ ಧೈರ್ಯವಿತ್ತು.

"ನಿಮ್ಮ ಹೆಸರು ಹೇಳಿ" ಎಂದರು ಅಧಿಕಾರಿ. ಬರಿಯ ವಾಡಿಕೆಯ ಪ್ರಶ್ನೆ, ಅರ್ಜಿ ಎದುರಿಗೇ ಇತ್ತು.

ಅವರು ತಲೆ ಎತ್ತಿ, ಉಸಿರು ತುಂಬಿಕೊಂಡು, ಮೊದಲ ಸ್ವರವನ್ನು ಕಲಿತಂತೆ ಸ್ವಲ್ಪ ಎಳೆದು, ಸ್ಪಷ್ಟವಾಗಿ ಇನ್ನೊಬ್ಬನ ಹೆಸರು ಹೇಳಿದರು.

ಅಧಿಕಾರಿ ಅರ್ಜಿ ನೋಡಿದರು, ಅವರ ಮುಖ ನೋಡಿದರು. "ಇದೇನ್ರೀ, ತಮಾಷೆನಾ? ಇಲ್ಲಿ ಬೇರೆ ಹೆಸರಿದೆ. ನೀವು ಯಾರು?"

ಇವರು ಇಂಥವರೇ, ನಮ್ಮ ವಿಭಾಗದವರೇ ಎಂದು ನಾನು ಹೇಳಿದೆ. ಅಧಿಕಾರಿಗೆ ಅಷ್ಟು ಸಾಲದಾಯಿತು. "ಅವರೇ ಹೇಳ್ಲಿ" ಎಂದರು. ಆಯ್ತಪ್ಪನವರ ತುಟಿಗಳು ಕೂಡಿಕೊಂಡವು. ಕಣ್ಣು ಮುಚ್ಚಿತು. ಕತ್ತಿನ ನರ ಉಬ್ಬಿತು. ಆ ಕೋಣೆಯಲ್ಲಿದ್ದ ನಾವೆಲ್ಲ ಉಸಿರು ಹಿಡಿದು ಕೂತಿದ್ದೆವು. ಆಮೇಲೆ ಅವರು ಕಣ್ಣು ತೆರೆದು, ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದು ನಿಂತರು. "ಆಯ್ತು" ಎಂದರು. ರೋಗಿಗಳಿಗೆ ಹೇಳುತ್ತಿದ್ದಷ್ಟೇ ಮೃದುವಾಗಿ. ಬಾಗಿಲು ಎಳೆದುಕೊಂಡು ಹೊರಟುಹೋದರು.

ಹುದ್ದೆ ಇನ್ನೊಬ್ಬನ ಪಾಲಾಯಿತು. ಮಾತಿನಮಲ್ಲ, ಅವನು ತೆಗೆದ ಚಿತ್ರಗಳನ್ನು ಎರಡೆರಡು ಸಲ ತೆಗೆಸಬೇಕಾಗುತ್ತಿತ್ತು. ಆಯ್ತಪ್ಪನವರ ಮನೆಯಲ್ಲಿ ವಿಷಯ ಬಯಲಾದಾಗ ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ಭಾವ, ಹೆಸರು ಹೆಂಗೂ ನಂದೇ ಹೇಳಿದ್ರಿ, ನನ್ನನ್ನೇ ಕಳಿಸಿದ್ರೆ ಪಾಸಾಗಿ ಬರ್ತಿದ್ನಲ್ಲ" ಎಂದನಂತೆ. ಅಕ್ಕ ನಗಲಿಲ್ಲ. "ನೀನು ಎದ್ದು ಮನೆಗೆ ಹೋಗು" ಎಂದು ತಮ್ಮನಿಗೆ ಹೇಳಿ, ಗಂಡನ ತಟ್ಟೆಗೆ ಬಡಿಸಿದರಂತೆ.

ವಿಷಯವೆಲ್ಲ ತಿಳಿದ ಮೇಲೆ, ಆ ಥೆರಪಿಸ್ಟ್ ಹುಡುಗಿಗೆ ನಿಜ ಹೇಳಿ ಮತ್ತೆ ಶುರುಮಾಡಿ, ಇಂಥವನ್ನು ಅವಳು ಮೊದಲ ಸಲ ಕೇಳುತ್ತಿರಲಾರಳು ಎಂದು ನಾನು ಅವರಿಗೆ ಹೇಳಿದೆ. ಅವರು ಒದ್ದೆ ಬಟ್ಟೆಯಿಂದ ಫಲಕ ಒರೆಸುತ್ತಿದ್ದರು.

"ಏನಂತ ಹೇಳ್ಲಿ ಡಾಕ್ಟ್ರೇ. ಆ ಹುಡುಗಿ ಕೈಲಿ ಗುಣ ಆಗಿದ್ದು ನಾನಲ್ಲ. ನನ್ನ ಹೆಂಡತಿ ತಮ್ಮ."

ಭಾವಮೈದುನ ಎಂಬ ಪದವನ್ನು ಆಗಲೂ ಅವರು ಸುತ್ತಿಬಳಸಿಯೇ ದಾಟಿದರು.

ನಿವೃತ್ತಿಯ ದಿನ ಸಭಾಂಗಣದಲ್ಲಿ ಭಾಷಣಗಳಾದವು. ಮಿತಭಾಷಿ, ಅಧಿಕಾರದ ಆಸೆಯಿಲ್ಲದ ವಿನಯವಂತ, ದಿನವೂ ನಡೆದು ಆರೋಗ್ಯ ಕಾಪಾಡಿಕೊಂಡ ಶಿಸ್ತಿನ ಮನುಷ್ಯ ಎಂದು ಒಬ್ಬರ ಮೇಲೊಬ್ಬರು ಹೊಗಳಿದರು. ಎರಡು ಮಾತಾಡಿ ಎಂದು ಕೇಳಿದಾಗ ಆಯ್ತಪ್ಪ ಎದ್ದು, ಕೈಮುಗಿದು, ಕೂತರು. ಚಪ್ಪಾಳೆ ಬಿತ್ತು. ಆ ಸಂಜೆ ನಾನೂ ಅದೇ ಬಸ್ಸಿನಲ್ಲಿದ್ದೆ. ಹಾರ, ಶಾಲು, ಉಡುಗೊರೆಯ ಪೊಟ್ಟಣ ಹಿಡಿದುಕೊಂಡಿದ್ದ ಅವರು ಕಂಡಕ್ಟರನಿಗೆ ಸುಲಭದ ಹೆಸರು ಹೇಳಿ, ಒಂದು ಸ್ಟಾಪು ಮೊದಲೇ ಇಳಿದರು. ಬಸ್ಸು ಹೊರಟು ಅವರನ್ನು ಹಿಂದೆ ಹಾಕಿತು. ಸೀಸದ ಅಂಗಿಯಿಲ್ಲದಿದ್ದರೂ ಮೈ ತುಸು ಹಿಂದಕ್ಕೆ ವಾಲಿತ್ತು.

ಇಂಥವರು ಪ್ರತಿ ಕಚೇರಿಯಲ್ಲಿ, ಪ್ರತಿ ಕುಟುಂಬದಲ್ಲಿ ಒಬ್ಬರಾದರೂ ಇರುತ್ತಾರೆ. ನಾವು ಅವರನ್ನು ಸಾಧುಗಳೆಂದೋ ಅಲ್ಪತೃಪ್ತರೆಂದೋ ಕರೆದು ಆ ಹೆಸರಿನಲ್ಲೇ ಕೊನೆಯವರೆಗೂ ಗೌರವಿಸುತ್ತೇವೆ. ಅವರು ಆಡಿದ ಮಾತು ಆಡಬೇಕೆಂದಿದ್ದ ಮಾತಿನ ಪಕ್ಕದ್ದು. ಒಪ್ಪಿಕೊಂಡ ಬದುಕು ಬೇಕೆಂದಿದ್ದ ಬದುಕಿನ ಪಕ್ಕದ್ದು. ಬೇಕಾದ ಜಾಗಕ್ಕಿಂತ ಒಂದು ಸ್ಟಾಪು ಮೊದಲೇ ಅವರು ಇಳಿದುಬಿಡುತ್ತಾರೆ. ಉಳಿದ ದಾರಿಯನ್ನು ಅವರು ನಡೆಯುವುದು, ಬಸ್ಸಿನಲ್ಲಿ ಕೂತ ನಮ್ಮ ಕಣ್ಣಿಗೆ ವ್ಯಾಯಾಮವಾಗಿ ಕಾಣುತ್ತದೆ.