ನೆಲಮಹಡಿಯ ತರಗತಿ

"ಲೇಸಿಗೆ ಎರಡು ಗಂಟು ಹಾಕಪ್ಪ, ಒಂದು ಸಾಲ್ದು," ಎಂದರು ಅತ್ತೆ.

ಅಳಿಯ ಮಂಚದ ತುದಿಯಲ್ಲಿ ಮಂಡಿಯೂರಿ ಮಾವನ ಎಡಗಾಲಿಗೆ ಬಿಳಿ ಕ್ಯಾನ್ವಾಸ್ ಶೂ ತೊಡಿಸಲು ಹೆಣಗುತ್ತಿದ್ದ. ಕಾಲು ಸೆಟೆದುಕೊಂಡಿತ್ತು, ಹಿಮ್ಮಡಿ ಒಳಗೆ ಇಳಿಯುತ್ತಿರಲಿಲ್ಲ. ಕೊನೆಗೆ ಚಮಚದ ಹಿಡಿ ತೂರಿಸಿ ಹೇಗೋ ಜಾರಿಸಿದ.

"ಹೇಗಿದ್ರೂ ಮೇಲೆ ಬಟ್ಟೆ ಹೊದಿಸ್ತೀವಲ್ಲ ಅತ್ತೆ. ಶೂ ಯಾರಿಗೆ ಕಾಣುತ್ತೆ?"

"ಕಾಣದೇ ಇರಲಿ. ಶೂ ಇಲ್ದೆ ಅವರು ಬೀದಿಗಿಳಿದಿದ್ದನ್ನ ನಾನಂತೂ ನೋಡಿಲ್ಲ."

ಸತ್ತವರು ಮೂವತ್ತೊಂದು ವರ್ಷ ಒಂದೇ ಶಾಲೆಯಲ್ಲಿ ಡ್ರಿಲ್ ಮೇಷ್ಟರಾಗಿದ್ದವರು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುತ್ತಿದ್ದುದರಿಂದ ಊರಿಗೆಲ್ಲ ಸೀಟಿ ಮೇಷ್ಟ್ರು. ಹಿಂದಿನ ದಿನ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವರು ಅಲ್ಲೇ ಕುಸಿದಿದ್ದರು. ಎಪ್ಪತ್ನಾಲ್ಕು ವರ್ಷ. ಒಂದು ದಿನವೂ ಹಾಸಿಗೆ ಹಿಡಿದವರಲ್ಲ.

ಅಡುಗೆಮನೆಯ ಮೇಜಿನ ಮುಂದೆ ಮಗಳು ಒಂದು ಹಾಳೆ ಹಿಡಿದು ಕೂತಿದ್ದಳು. ಸ್ಮಶಾನದಲ್ಲಿ ಮನೆಯವರ ಪರವಾಗಿ ನಾಲ್ಕು ಮಾತು ಓದಬೇಕಿತ್ತು. ಹುಟ್ಟಿದ ವರ್ಷ, ಕೆಲಸಕ್ಕೆ ಸೇರಿದ ವರ್ಷ ಬರೆದಾಗಿತ್ತು. ಮೂರನೆಯ ಸಾಲು ಹೀಗಿತ್ತು: "ನಮ್ಮ ತಂದೆ ಹುಟ್ಟಾ ಕರುಣಾಮಯಿ. ಕಾಯಿಲೆಯ ಮಕ್ಕಳನ್ನು ಕಂಡರೆ ಅವರ ಮನಸ್ಸು ಮೊದಲಿನಿಂದಲೂ ಕರಗುತ್ತಿತ್ತು."

ಎದುರಿಗೆ ಕೂತು ಲೋಟಗಳನ್ನು ಒರೆಸುತ್ತಿದ್ದ ಹೆಂಗಸು ಆ ಸಾಲನ್ನು ತಲೆಕೆಳಗಾಗಿಯೇ ಓದಿದಳು. ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಹಾಗೆ ಓದುವುದು ಅವಳಿಗೆ ಅಭ್ಯಾಸ. ವಯಸ್ಸು ನಲವತ್ತು. ಮೈಕಟ್ಟು ಹದಿನಾರರ ಹುಡುಗಿಯಷ್ಟೇ. ಮೇಷ್ಟರ ಹಳೆಯ ವಿದ್ಯಾರ್ಥಿಗಳೆಲ್ಲ ಅವಳನ್ನು ಇವತ್ತಿಗೂ ಅಂಪೈರ್ ಅಂತಲೇ ಕರೆಯುತ್ತಿದ್ದರು.

"ಈ ಸಾಲು ತೆಗೆದುಬಿಡಿ," ಎಂದಳು.

"ಯಾಕೆ? ತಪ್ಪಿದ್ಯಾ?"

"ಕಾಗುಣಿತ ಸರಿಯಾಗಿದೆ. ವಿಷಯ ತಪ್ಪು."

ಮಗಳು ಪೆನ್ನು ಕೆಳಗಿಟ್ಟಳು. "ನಿಮ್ಮನ್ನ ಅಪ್ಪ ಎಷ್ಟು ನೋಡ್ಕೊಂಡ್ರು ಅಂತ ನೀವೇ ಹತ್ತು ಸಲ ಹೇಳಿದ್ದೀರಿ."

"ಹೇಳಿದ್ದೀನಿ. ಅದು ಎರಡನೆ ಅಧ್ಯಾಯ. ಮೊದಲನೇದು ನಿಮಗೆ ಯಾರೂ ಹೇಳಿಲ್ಲ ಅನ್ಸುತ್ತೆ."

* * *

ಆಗ ಅಂಪೈರಿಗೆ ಹನ್ನೊಂದು ವರ್ಷ. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎಂಬುದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ತರಗತಿ ಇದ್ದದ್ದು ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳಿಗೆ ಕಣ್ಣು ಕತ್ತಲೆ ಬರುತ್ತಿತ್ತು. ತಡವಾಗಿ ಬಂದಳೆಂದು ಟೀಚರು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ನಿಂತು ಸುಧಾರಿಸಿಕೊಳ್ಳಲು ಸಮಯ ಸಿಕ್ಕಿತಲ್ಲ ಎಂದು ಅವಳಿಗೆ ಅದೇ ಇಷ್ಟವಾಗುತ್ತಿತ್ತು.

ಸೀಟಿ ಮೇಷ್ಟರಿಗೆ ಅವಳು ತಲೆನೋವಾಗಿದ್ದಳು. ಪ್ರತಿ ವಾರ ಒಂದು ನೆಪ. ಎದೆ ಬಡ್ಕೊಳ್ತಿದೆ, ಕಾಲು ಸೋಲ್ತಿದೆ, ಸುಸ್ತು. "ನಾಟಕದ ಕಂಪನಿ ಸೇರ್ಕೊಳ್ಳಮ್ಮ, ಹೆಸರು ಮಾಡ್ತೀಯ," ಎಂದು ಅವರು ಎಲ್ಲರ ಮುಂದೆ ಅನ್ನುತ್ತಿದ್ದರು. ಮಕ್ಕಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಗದಿದ್ದರೆ ಇನ್ನೂ ಒಂದು ಮಾತು ಬರುತ್ತಿತ್ತು.

ಆ ದಿನ ಅವಳು ಅಮ್ಮನ ಕೈಲಿ ಬರೆಸಿದ ಚೀಟಿ ತಂದಿದ್ದಳು. ಮೇಷ್ಟರು ಅದನ್ನು ಬಿಡಿಸದೆ ಜೇಬಿಗೆ ತುರುಕಿದರು.

"ಚೀಟಿ ಓಡುತ್ತಾ? ನೀನು ಓಡು. ಮೂರು ಸುತ್ತು."

ಎರಡು ಸುತ್ತು ಮುಗಿಸಿದಳು. ಮೂರನೆಯದರಲ್ಲಿ ಮರಳಗುಂಡಿಯ ಹತ್ತಿರ ಮೊದಲು ಕೂತಳು, ಆಮೇಲೆ ಪಕ್ಕಕ್ಕೆ ಒರಗಿದಳು. ಮೇಷ್ಟರು ಸೀಟಿ ಊದಿದರು. ಏಳಲಿಲ್ಲ. ಇನ್ನೊಮ್ಮೆ ಊದಿ, ಬೈಯುತ್ತಲೇ ಹತ್ತಿರ ಬಂದರು. ಹುಡುಗಿಯ ತುಟಿ ನೀಲಿಯಾಗಿತ್ತು.

ಅವರು ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎರಡು ಬೀದಿ ಆಚೆಗಿನ ಆಸ್ಪತ್ರೆಗೆ ಓಡಿದರು. ವೈದ್ಯರು ಒಳಗೆ ಒಯ್ದು ಬಾಗಿಲು ಹಾಕಿಕೊಂಡ ಮೇಲೆ ಬೆಂಚಿನ ಮೇಲೆ ಕೂತು ಜೇಬಿನಿಂದ ಚೀಟಿ ತೆಗೆದರು. ನಾಲ್ಕೇ ಸಾಲು. ಮಗಳಿಗೆ ರಾತ್ರಿ ಮಲಗಿದರೂ ಉಸಿರು ಕಟ್ಟುತ್ತಿದೆ, ನಾಳೆ ದೊಡ್ಡ ಡಾಕ್ಟರಿಗೆ ತೋರಿಸುತ್ತೇವೆ, ಅಲ್ಲಿಯವರೆಗೆ ದಯವಿಟ್ಟು ಓಡಿಸಬೇಡಿ.

* * *

"ನೀವು ಸುಳ್ಳು ಹೇಳ್ತಿಲ್ಲ ತಾನೆ?" ಮಗಳ ಧ್ವನಿ ಗಡುಸಾಯಿತು. ಕೂಡಲೇ ಅವಳು ಬಾಗಿಲ ಕಡೆ ತಿರುಗಿ ಕೂಗಿದಳು: "ಅಮ್ಮಾ!"

ಅಮ್ಮ ಬಂದು ಚೌಕಟ್ಟಿಗೆ ಒರಗಿ ನಿಂತರು. ಯಾವ ಮಾತು ನಡೆದಿದೆ ಎಂದು ಅವರಿಗೆ ಮುಖ ನೋಡಿಯೇ ಗೊತ್ತಾಯಿತು.

"ನಿಜ ಕಣೆ. ಆ ದಿನ ಮನೆಗೆ ಬಂದವರು ಶೂ ಸಮೇತ ಹಾಸಿಗೆ ಮೇಲೆ ಕೂತ್ರು. ನಾನು ಬೈದೆ. ಕಿವಿಗೇ ಹಾಕ್ಕೊಳ್ಳಲಿಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗಾಗ ಆರು ವರ್ಷ. ಆಮೇಲೆ ದೊಡ್ಡವಳಾದೆ. ಅಪ್ಪ ಅಂದ್ರೆ ಆಕಾಶದಿಂದ ಇಳಿದೋರು ಅಂತ ತಿರುಗ್ತಿದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ."

ಮಗಳು ಎದ್ದು ಸಿಂಕಿನ ಕಡೆ ಮುಖ ಮಾಡಿ ನಿಂತಳು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. ಅಂಪೈರ್ ಮತ್ತೊಂದು ಲೋಟ ಕೈಗೆತ್ತಿಕೊಂಡಳು.

"ಅವರೇ ನನ್ನ ಹತ್ರ ಮಾತು ತಗೊಂಡಿದ್ರು," ಎಂದಳು. "'ನಾನು ಸತ್ತ ದಿನ ಯಾರಾದ್ರೂ ನನ್ನನ್ನ ದೇವರು ಮಾಡೋಕೆ ಹೊರಟ್ರೆ ಫೌಲ್ ಕೊಡ್ಬೇಕು ನೀನು' ಅಂದ್ರು. 'ಹುಟ್ಟಿನಿಂದ ಒಳ್ಳೆಯೋನು ಅಂದ್ಬಿಟ್ರೆ ಮಿಕ್ಕ ಮೇಷ್ಟ್ರುಗಳಿಗೆ ಅನುಕೂಲ. ನಾವು ಹಾಗೆ ಹುಟ್ಟಿಲ್ಲ ಬಿಡಿ ಅಂತ ಸುಮ್ಮನಾಗ್ತಾರೆ' ಅಂದ್ರು."

ಅಷ್ಟರಲ್ಲಿ ಹಜಾರದಿಂದ ಊರುಗೋಲಿನ ಸದ್ದು ಕೇಳಿಸಿತು. ಶಾಲೆಯ ಹಿಂದಿನ ಮುಖ್ಯೋಪಾಧ್ಯಾಯಿನಿ, ಎಲ್ಲರ ಬಾಯಲ್ಲಿ ದೊಡ್ಡ ಟೀಚರು, ನಿಧಾನವಾಗಿ ಒಳಗೆ ಬಂದು ಕುರ್ಚಿ ಎಳೆದುಕೊಂಡರು. ಎಂಬತ್ತು ದಾಟಿತ್ತು. ಕಿವಿ ಮಾತ್ರ ಚುರುಕು.

"ಬರೀ ಅವರ ತಪ್ಪು ಮಾತ್ರ ಹೇಳ್ಬೇಡಮ್ಮ," ಎಂದರು. "ನನ್ನದೂ ಸೇರಿಸು. ಅವರು ಚೀಟಿ ಓದ್ಲಿಲ್ಲ. ನಾನು ನಿನ್ನ ಟಿಸಿ ಬರೆಸಿಟ್ಟಿದ್ದೆ. ಸಹಿ ಒಂದು ಬಾಕಿ ಇತ್ತು."

* * *

ಸ್ಟಾಫ್ ರೂಮಿನಲ್ಲಿ ಸಭೆ ಸೇರಿತ್ತು. ಹುಡುಗಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ವಾರ. ಬದುಕಿದ್ದಳು. ಆದರೆ ಇನ್ನು ಮೆಟ್ಟಿಲು ಹತ್ತುವಂತಿರಲಿಲ್ಲ, ತಿಂಗಳಿಗೊಮ್ಮೆ ಸೂಜಿ, ಹಾಜರಾತಿ ಅರ್ಧಕ್ಕರ್ಧ ಇಲ್ಲ.

"ನನಗೂ ಮಕ್ಕಳಿದ್ದಾರೆ," ಎಂದರು ದೊಡ್ಡ ಟೀಚರು. "ಆದರೆ ನಾಳೆ ಇಲ್ಲೇ ಏನಾದ್ರೂ ಆದ್ರೆ ಯಾರ ತಲೆಗೆ ಬರುತ್ತೆ? ಮನೇಲಿ ವಿಶ್ರಾಂತಿ ತಗೊಳ್ಳಲಿ. ಅವಳ ಒಳ್ಳೇದಕ್ಕೇ ಹೇಳ್ತಿರೋದು."

ಎಲ್ಲರೂ ತಲೆಯಾಡಿಸಿದರು. ಸೀಟಿ ಮೇಷ್ಟರು ಎದ್ದು ನಿಂತು ಮಡಿಕೆಗಳಲ್ಲಿ ಹರಿಯತೊಡಗಿದ್ದ ಆ ಚೀಟಿಯನ್ನು ಗಟ್ಟಿಯಾಗಿ ಓದಿದರು.

"ಇದನ್ನ ಓದೋಕೆ ಅರ್ಧ ನಿಮಿಷ ಸಾಕು. ನಾನು ಓದ್ಲಿಲ್ಲ. ತಪ್ಪು ಮಾಡಿದ್ದು ನಾನು. ಟಿಸಿ ಕೊಡೋದೇ ಆದ್ರೆ ನನಗೆ ಕೊಡಿ."

"ಭಾವನೆ ಸರಿ ಮೇಷ್ಟ್ರೇ. ಮೂರನೆ ಮಹಡಿಗೆ ಅವಳನ್ನ ದಿನಾ ನೀವು ಹೊತ್ಕೊಂಡು ಹೋಗ್ತೀರಾ?"

"ಅವಳು ಯಾಕೆ ಮೇಲೆ ಹೋಗ್ಬೇಕು? ತರಗತೀನೇ ಕೆಳಗೆ ಬರಲಿ."

"ಕೆಳಗೆ ಕೋಣೆ ಎಲ್ಲಿದೆ?"

"ನನ್ನ ಆಟದ ಸಾಮಾನಿನ ಕೋಣೆ ಇದೆಯಲ್ಲ. ನಲವತ್ತು ಮಕ್ಕಳು ಕೂರಬಹುದು. ಅಳೆದು ನೋಡಿದ್ದೀನಿ."

"ಸಾಮಾನು?"

"ನಮ್ಮನೇಲಿ ಜಾಗ ಇದೆ."

ಜಾಗವೇನೂ ಇರಲಿಲ್ಲ. ಮುಂದಿನ ಸೋಮವಾರದಿಂದ ಎರಡೇ ಕೋಣೆಯ ಆ ಮನೆಯಲ್ಲಿ ಹದಿನೆಂಟು ಚೆಂಡು, ಎಂಟು ಹರ್ಡಲ್ಸ್, ಒಂದು ಹೈಜಂಪ್ ಹಾಸು ಸಂಸಾರ ಹೂಡಿದವು. ಮೇಷ್ಟರ ಹೆಂಡತಿ ಹರ್ಡಲ್ಸ್ ಮೇಲೆ ಬಟ್ಟೆ ಒಣಹಾಕಿದರು. ಮಗಳು ಹೈಜಂಪ್ ಹಾಸಿನ ಮೇಲೆಯೇ ಮಲಗಿ ಬೆಳೆದಳು.

ಹುಡುಗಿ ಶಾಲೆಗೆ ಮರಳಿದ ದಿನ ಡ್ರಿಲ್ ಪೀರಿಯಡ್ಡಿನಲ್ಲಿ ತಾನಾಗಿ ಹೋಗಿ ಮರದ ಕೆಳಗೆ ಕೂತಳು. ಮೇಷ್ಟರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಆ ದಿನ ನಾನು ಮಾಡಿದ್ದು ತಪ್ಪು. ನಿನ್ನ ಮಾತು ನಂಬಬೇಕಿತ್ತು, ನಂಬಲಿಲ್ಲ. ನಾಟಕ ಅಂದಿದ್ದೂ ತಪ್ಪು."

ದೊಡ್ಡವರೊಬ್ಬರು ಹೀಗೆ ಹೇಳಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. "ಪರವಾಗಿಲ್ಲ ಸಾರ್" ಎಂದಳು.

"ಪರವಾಗಿದೆ. ಸರಿ, ಏಳು. ಮರ ನೋಡ್ಕೊಳ್ಳೋಕೆ ಬೇರೆಯವರಿದ್ದಾರೆ." ಅವರು ವಾಲಿಬಾಲ್ ನಿಯಮಗಳ ಪುಸ್ತಕವನ್ನು ಅವಳ ಕೈಗೆ ಕೊಟ್ಟರು. "ಒಂದು ವಾರ ಟೈಮು. ಬಾಯಿಪಾಠ ಆಗ್ಬೇಕು."

ಆ ವರ್ಷ ಮೇಷ್ಟರುಗಳಿಗೂ ಮಕ್ಕಳಿಗೂ ಪಂದ್ಯ ನಡೆಯಿತು. ಕೊನೆಯ ಪಾಯಿಂಟಿಗೆ ಸೀಟಿ ಮೇಷ್ಟರು ಹಾರಿ ಹೊಡೆದರು. ಕೂಗಾಟದ ನಡುವೆ ಅಂಪೈರಿನ ಸಣ್ಣ ದನಿ: "ನೆಟ್ ಮುಟ್ಟಿದ್ರಿ ಸಾರ್."

"ನಾನಾ? ಎಲ್ಲಿ?"

"ಮೊಣಕೈ. ವಾದ ಮಾಡಿದ್ರೆ ಇನ್ನೊಂದು ಪಾಯಿಂಟ್ ಹೋಗುತ್ತೆ."

ಮೇಷ್ಟರು ಸೋತರು. ಸೋತದ್ದನ್ನು ಊರಿಡೀ ಹೇಳಿಕೊಂಡು ತಿರುಗಿದರು.

* * *

"ಆಮೇಲೆ ಅದೇ ರೂಢಿಯಾಯ್ತು," ದೊಡ್ಡ ಟೀಚರು ಹೇಳುತ್ತಿದ್ದರು. "ಪ್ರತಿ ವರ್ಷ ಶಾಲೆ ಶುರುವಾಗೋ ಮೊದಲು ನನ್ನ ಕೋಣೆಗೆ ಬರೋರು. ಈ ಸಲ ಕೆಳಗಿನ ಕೋಣೆ ಯಾವ ತರಗತಿಗೆ ಬೇಕು ನೋಡೋಣ ಅನ್ನೋರು. ಒಂದೊಂದು ವರ್ಷ ಯಾರಿಗೂ ಬೇಡ. ಆ ವರ್ಷ ಅವರ ಮುಖ ನೋಡ್ಬೇಕಿತ್ತು, ಹಬ್ಬ."

"ನನ್ನ ಮಗನ ತರಗತಿ ಎರಡು ವರ್ಷ ಅಲ್ಲೇ ಇತ್ತು."

ಮಾತಾಡಿದ್ದು ಬಾಗಿಲ ಬಳಿ ನಿಂತಿದ್ದ ನರೆಗೂದಲಿನ ಹೆಂಗಸು. ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಅವರ ಮಗ ರಕ್ತದ ಕ್ಯಾನ್ಸರಿನಿಂದ ಹದಿಮೂರಕ್ಕೇ ತೀರಿಕೊಂಡಿದ್ದ. ಮೇಷ್ಟರ ಮಗಳಿಗೆ ಆ ಹುಡುಗನ ಹೆಸರು, ಅವನ ಸಾವು ಗೊತ್ತಿತ್ತು. ಅಪ್ಪ ಶನಿವಾರಗಳಂದು ತನ್ನನ್ನು ಈಜಿಗೆ ಕರೆದೊಯ್ಯುವುದನ್ನು ಬಿಟ್ಟು ಆಸ್ಪತ್ರೆಗೆ ಹೋಗುತ್ತಿದ್ದದ್ದೂ, ತಾನು ಮುನಿಸಿಕೊಂಡು ಬಾಗಿಲು ಹಾಕಿಕೊಂಡದ್ದೂ ನೆನಪಿತ್ತು.

"ಕೂದಲೆಲ್ಲ ಹೋಗಿ ಅವನು ಶಾಲೆಗೆ ಬಂದ ದಿನ ಮಕ್ಕಳು ಬೆಂಚು ದೂರ ಎಳ್ಕೊಂಡವಂತೆ, ಅಂಟುತ್ತೆ ಅಂತ," ಎಂದರು ಹೊಲಿಗೆಯಮ್ಮ. "ಇವರು ಬಂದು ಹೇಳಿದ್ರಂತೆ, 'ಇವನಿಂದ ನಿಮಗೇನೂ ಬರಲ್ಲ ಕಣ್ರೋ, ನಿಮ್ಮಿಂದ ಇವನಿಗೆ ಬರುತ್ತೆ. ಮೂಗು ಸೋರ್ತಿರೋರೆಲ್ಲ ಹಿಂದಿನ ಬೆಂಚಿಗೆ ನಡೀರಿ' ಅಂತ. ಮಗ ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಕ್ಕ."

ಅವರು ಹೊಸ್ತಿಲು ದಾಟಿ ಒಳಗೆ ಬಂದರು.

"ಕೊನೆಕೊನೆಗೆ ಆಸ್ಪತ್ರೆಗೆ ಬಂದೋರೆಲ್ಲ ಹಣ್ಣು ತರೋರು, ಆಟಿಕೆ ತರೋರು, ಮೆತ್ತಗೆ ಮಾತಾಡೋರು. ಇವರು ತಂದಿದ್ದು ಹೋಮ್‌ವರ್ಕು. ತರಗತೀಲಿ ಯಾರಿಗೆ ಯಾರಿಗೆ ಜಗಳ ಅಂತ ಪೂರ್ತಿ ವರದಿ ಬೇರೆ. ಒಂದು ಶನಿವಾರ ಇವನು ಲೆಕ್ಕ ಮಾಡಿಟ್ಟಿರ್ಲಿಲ್ಲ. ಬೈದ್ರು ನೋಡಿ! ನರ್ಸು ಓಡಿ ಬಂದ್ಳು. ನನಗೂ ಕೋಪ ಬಂತು. ಇವರು ಹೋದ ಮೇಲೆ ಮಗ, 'ಅಮ್ಮಾ, ಸಾರ್ ನನಗೆ ಬೈದ್ರು' ಅಂದ. ಮುಖ ಹೀಗೆ ಅರಳಿತ್ತು. ಎರಡು ತಿಂಗಳಿಂದ ಅವನಿಗೆ ಯಾರೂ ಬೈದಿರ್ಲಿಲ್ಲ ರೀ."

ಮಗಳು ಮೇಜಿನ ಹತ್ತಿರ ಬಂದು ಮೂರನೆಯ ಸಾಲಿನ ಮೇಲೆ ಗೀಟೆಳೆದಳು. ಹಾಳೆಯನ್ನೂ ಪೆನ್ನನ್ನೂ ಅಂಪೈರಿನ ಕಡೆ ತಳ್ಳಿದಳು.

"ನನಗೆ ಇನ್ನೂ ಸಿಟ್ಟಿದೆ. ಅವರ ಮೇಲೋ, ನಿಮ್ಮ ಮೇಲೋ ಗೊತ್ತಾಗ್ತಿಲ್ಲ. ನೀವೇ ಬರೀರಿ."

ಅಂಪೈರ್ ಬರೆದಳು: "ಒಂದು ದಿನ ಇವರು ಒಂದು ಮಗುವಿನ ಮಾತನ್ನು ನಂಬಲಿಲ್ಲ. ಆಮೇಲೆ ಪ್ರತಿ ಮಗುವಿನ ಮಾತನ್ನೂ ಕೇಳಿದರು." ಮಗಳು ಎರಡು ಸಲ ಓದಿದಳು. ಒಂದು ಪದವನ್ನೂ ಬದಲಿಸಲಿಲ್ಲ.

* * *

ಸ್ಮಶಾನದ ಗೇಟು ಕಿರಿದು. ವಾಹನ ಹೊರಗೇ ನಿಂತಿತು. ಅಲ್ಲಿಂದ ಗುಂಡಿಯವರೆಗೆ ಎರಡು ಸಾಲು ಮರಗಳ ನಡುವೆ ಜಲ್ಲಿಯ ಹಾದಿ. ಶವಪೆಟ್ಟಿಗೆಗೆ ಆರು ಹಿಡಿಗಳಿದ್ದವು. ಐದಕ್ಕೆ ಕೈ ಬಿದ್ದಾಗಿತ್ತು. ಆರನೆಯದರ ಹತ್ತಿರ ಅಂಪೈರ್ ಹೋಗಿ ನಿಂತಳು.

"ಬೇಡಮ್ಮ," ಎಂದರು ಪಕ್ಕದ ಮನೆಯವರು. "ನಿನ್ನ ಹಾರ್ಟು ಮೊದಲೇ ರಿಪೇರಿ ಆಗಿರೋದು. ಬಿಡು, ಗಂಡಸರಿದ್ದೀವಲ್ಲ."

ಅವಳು ಹಿಂದೆ ಸರಿಯಲು ಕಾಲೆತ್ತಿದಳು. ಎದುರಿನ ಹಿಡಿಯಲ್ಲಿದ್ದ ಮಗಳು ಪೆಟ್ಟಿಗೆಯ ಮೇಲಿಂದ ಕೇಳಿದಳು:

"ಎಷ್ಟು ದೂರ ಆಗುತ್ತೆ ನಿಮಗೆ?"

"ಆ ಕಲ್ಲುಬೆಂಚಿನ ತನಕ ಆಗ್ಬಹುದು. ಮಧ್ಯೆ ಒಂದ್ಸಲ ನಿಲ್ಬೇಕಾಗುತ್ತೆ."

"ಹಾಗಾದ್ರೆ ಹಿಡ್ಕೊಳ್ಳಿ."

ಆರು ಜನ ಪೆಟ್ಟಿಗೆ ಎತ್ತಿದರು. ಹಿಂದೆ ನೂರಕ್ಕೂ ಹೆಚ್ಚು ಮಂದಿ ಹಳೆಯ ವಿದ್ಯಾರ್ಥಿಗಳು: ಬೋಳುತಲೆಯವರು, ಹೊಟ್ಟೆ ಬಂದವರು, ಮಕ್ಕಳ ಕೈ ಹಿಡಿದವರು. ಜಲ್ಲಿಯ ಮೇಲೆ ಹೆಜ್ಜೆಗಳು ಕರಕರ ಸದ್ದು ಮಾಡಿದವು.

ಅರ್ಧ ದಾರಿಯಲ್ಲಿ ಅಂಪೈರ್ ನಿಂತಳು. ಪೆಟ್ಟಿಗೆ ನಿಂತಿತು. ಹಿಂದಿನ ಸಾಲು ನಿಂತಿತು, ಅದರ ಹಿಂದಿನದೂ. ಮುಂದೆ ಹೋಗಿದ್ದ ನಾಲ್ಕಾರು ಜನ ಸದ್ದು ನಿಂತದ್ದು ಕೇಳಿ ತಿರುಗಿ ನೋಡಿ, ವಾಪಸು ಬಂದು ನಿಂತರು. ಅವಳ ಕೈಯಿಂದ ಹಿಡಿ ಬಿಡಿಸಿಕೊಳ್ಳಲು ಯಾರೂ ಹೋಗಲಿಲ್ಲ. "ಏನಾಯ್ತು" ಎಂದು ಯಾರೂ ಕೇಳಲಿಲ್ಲ. ಮರಗಳ ಕೆಳಗೆ ಅವಳ ಉಸಿರೊಂದೇ ಕೇಳಿಸುತ್ತಿತ್ತು. ಮೊದಲು ಬಿರುಸಾಗಿ, ಆಮೇಲೆ ಸ್ವಲ್ಪ ತಗ್ಗಿ, ಆಮೇಲೆ ಕೇಳಿಸದಷ್ಟು.

ಅವಳು ತಲೆಯಾಡಿಸಿದಳು. ಇಡೀ ಸಾಲು ಒಟ್ಟಿಗೆ ಎಡಗಾಲು ಮುಂದಿಟ್ಟಿತು.