ಮಾಸ್ಕು ಹಾಕಿದವನು ಹೊರಗೆ

"ತೆಗೀಲೇ ಅದನ್ನ! ನಾ ಬಾಯಿ ಇಟ್ಟಲ್ಲೆ ನೀ ಬಾಯಿ ಇಡತೀಯೇನ್ಲೇ, ಹಲ್ಕಟ್ ಹೊಲ್ಯಾ?"

ದುರ್ಗಪ್ಪ ಗ್ಯಾಸಿನ ಮಾಸ್ಕನ್ನು ಇನ್ನೂ ಮುಖಕ್ಕೆ ಹಚ್ಚಿಕೊಂಡಿರಲಿಲ್ಲ. ಗೋಡೆಯ ಮೊಳೆಯಿಂದ ತೆಗೆದು, ಒಳಗಿನ ರಬ್ಬರು ಹರಿದಿದೆಯೇನೋ ಎಂದು ಬೆರಳಾಡಿಸಿ ನೋಡುತ್ತಿದ್ದ, ಅಷ್ಟೆ. ಫೋರ್ಮನ್ ನೀಲಕಂಠ ಅದನ್ನು ಕಸಿದುಕೊಂಡ. ಹೆಗಲ ಮೇಲಿನ ವಸ್ತ್ರದಿಂದ ಒರೆಸಿ ಒರೆಸಿ ತನ್ನ ಮುಖಕ್ಕೆ ಕಟ್ಟಿಕೊಂಡ. ಕಟ್ಟಿಕೊಂಡು ಮಶಿನ್ ಕೋಣೆಯ ಬಾಗಿಲ ಹೊರಗೆ ನಿಂತ. ದುರ್ಗಪ್ಪ ಒದ್ದೆ ರುಮಾಲನ್ನು ಮೂಗಿಗೆ ಸುತ್ತಿಕೊಂಡು ಒಳಗೆ ಹೋದ.

ನಮ್ಮ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯಲ್ಲಿ ರಿಪೇರಿ ನಡೆಯುತ್ತಿದ್ದುದೇ ಹೀಗೆ. ಇದ್ದದ್ದು ಒಂದೇ ಮಾಸ್ಕು. ಹಾಕಿಕೊಂಡವನು ಹೊರಗೆ, ಹಾಕಿಕೊಳ್ಳದವನು ಒಳಗೆ.

ಬೈಲಹೊಂಗಲದಿಂದ ಸಂಪಗಾಂವಿಗೆ ಹೋಗುವ ರಸ್ತೆಯಲ್ಲಿತ್ತು ಆ ಕಾರ್ಖಾನೆ. ಮಾಲೀಕರು ಕೃಷ್ಣಾಜಿರಾಯರು, ಊರಿಗೆಲ್ಲ ರಾವಸಾಹೇಬರು. ಪೈಪಿನೊಳಗಿನ ಅಮೋನಿಯಾ ಗ್ಯಾಸಿಗೆ ಮಾತ್ರ ಅವರು ಯಾರೆಂದು ಗೊತ್ತಿರಲಿಲ್ಲ. ಮಶಿನ್ ಕೂಡಿಸಲು ಮುಂಬಯಿಯಿಂದ ಬಂದವರು ಎಲ್ಲರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿ ಹೋಗಿದ್ದರು: ಏನನ್ನಾದರೂ ಬಿಚ್ಚುವ ಮೊದಲು ಗ್ಯಾಸನ್ನು ಹಿಂದಕ್ಕೆ ಎಳೆದುಕೊಂಡು ಮಶಿನ್ ನಿಲ್ಲಿಸಿ, ಒಳಗೆ ಹೋಗುವವನು ಮಾಸ್ಕು ಹಾಕಿಕೊಳ್ಳಲಿ, ಸ್ವಚ್ಛ ನೀರು ಕೈಗೆಟಕುವಲ್ಲಿರಲಿ. ರಾವಸಾಹೇಬರು ಎಲ್ಲದಕ್ಕೂ ತಲೆಯಾಡಿಸಿ ಅವರಿಗೆ ಹೋಳಿಗೆ ಊಟ ಹಾಕಿಸಿ ಕಳಿಸಿದ್ದರು.

ನೀರೇನೋ ಕೈಗೆಟಕುವಲ್ಲೇ ಇತ್ತು. ಮಶಿನ್ ಕೋಣೆಯ ಬಾಗಿಲಿಗೆ ಹೊಂದಿಕೊಂಡೇ ಸಿಹಿನೀರಿನ ಟಾಂಕಿ. ಬರ್ಫು ಮಾಡುವ ನೀರು ಅದು, ನಾವು ಮುಟ್ಟುವಂತಿರಲಿಲ್ಲ. ಡಬ್ಬಿಗಳಿಗೆ ನೀರು ತುಂಬಲು ನೀಲಕಂಠನ ಕಡೆಯವರು. ಗಟ್ಟಿಯಾದ ಬರ್ಫಿನ ಲಾದಿಗಳನ್ನು ಎತ್ತಲು, ಅವಕ್ಕೆ ಹೊಟ್ಟು ಹಚ್ಚಲು, ಬೆನ್ನ ಮೇಲೆ ಹೊತ್ತು ಲಾರಿಗೆ ಹಾಕಲು ನಾವು. ನೀರು ಗಟ್ಟಿಯಾದರೆ ಮುಟ್ಟಬಹುದು, ತೆಳ್ಳಗಿದ್ದರೆ ಮುಟ್ಟಬಾರದು. ಮೈಲಿಗೆಗೂ ಚಳಿ ಹತ್ತುತ್ತದೆಯೇನೋ, ನಮ್ಮಂಥವರಿಗೆ ಏನು ತಿಳಿಯಬೇಕು! ರುಮಾಲು ಒದ್ದೆ ಮಾಡಿಕೊಳ್ಳಲು ಗೇಟಿನ ಹತ್ತಿರ ಎತ್ತುಗಳು ನೀರು ಕುಡಿಯುವ ಕಲ್ಲಿನ ದೋಣಿ ಇತ್ತು.

ಆ ದಿನ ವಾಲ್ವಿನ ಬುಡದಲ್ಲಿ ಗ್ಯಾಸು ಸೋರುತ್ತಿತ್ತು. "ಮಶಿನ್ ನಿಂದರಸೋಣ್ರಿ," ಎಂದಿದ್ದೆ ನಾನು. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ ರಾವಸಾಹೇಬರು ತಲೆ ಎತ್ತಿರಲಿಲ್ಲ.

"ನಿಂದರಸಿದ್ರ ಬರ್ಫ ನಿಮ್ಮಪ್ಪ ಮಾಡತಾನೇನ ಜಟ್ಟ್ಯಾ? ನಟ್ಟ ಒಂದೀಟ ಬಿಗೀ ಮಾಡೂದೈತಿ. ನಡೀರಿ, ನಡೀರಿ."

ಬಿಗಿ ಮಾಡಲು ಹೋದ ನಟ್ಟು ಕಿತ್ತುಕೊಂಡಿತು. ದುರ್ಗಪ್ಪನ ಕೂಗು ನಮಗೆ ಕೇಳುವಷ್ಟರಲ್ಲಿ, ಮಾಸ್ಕು ಹಾಕಿಕೊಂಡಿದ್ದ ನೀಲಕಂಠ ಗೇಟು ದಾಟಿದ್ದ. ನಾನು ಉಸಿರು ಬಿಗಿಹಿಡಿದು ಒಳಗೆ ನುಗ್ಗಿದೆ. ತಡವರಿಸಿ ಹಿಂದಿನ ವಾಲ್ವನ್ನು ತಿರುವಿ ಬಂದ್ ಮಾಡಿ, ಅವನನ್ನು ಕಾಲು ಹಿಡಿದು ಹೊರಗೆಳೆದೆ. ಅವನು ಎರಡೂ ಕೈಗಳಿಂದ ಕಣ್ಣು ಒತ್ತಿಕೊಂಡು ಹೊರಳಾಡುತ್ತಿದ್ದ.

"ಉರಿ, ಉರಿ! ಕಣ್ಣ ಹೋದೂ, ಲಗಮೀ!"

ಲಗಮವ್ವ ಅವನ ಹೆಂಡತಿ, ನನ್ನ ತಂಗಿ. ಲಾದಿಗಳಿಗೆ ಹೊಟ್ಟು ಹಚ್ಚುತ್ತಿದ್ದವಳು ಓಡಿ ಬಂದು ಗಂಡನನ್ನು ಎಬ್ಬಿಸಿ ಟಾಂಕಿಯ ಕಡೆ ತಿರುಗಿಸಿದಳು.

"ಏ, ಟಾಂಕಿ ಮುಟ್ಟಬ್ಯಾಡ!" ರಾವಸಾಹೇಬರು ಈಗ ಎದ್ದು ನಿಂತರು. "ದೋಣ್ಯಾಗ ನೀರೈತಿ, ಅಲ್ಲೆ ಒಯ್ಯಿ!"

ಗೇಟಿನವರೆಗೆ ಒಯ್ಯುವಷ್ಟರಲ್ಲಿ ಕಣ್ಣು ಉಳಿಯುತ್ತವೆಯೆ? ಲಗಮವ್ವ ಗಂಡನ ಕುತ್ತಿಗೆಗೆ ಕೈ ಹಾಕಿ ಅವನ ತಲೆಯನ್ನೇ ಟಾಂಕಿಯಲ್ಲಿ ಅದ್ದಿದಳು. ಎತ್ತಿದಳು, ಮತ್ತೆ ಅದ್ದಿದಳು. ಬೆರಳಿನಿಂದ ರೆಪ್ಪೆ ಅಗಲಿಸಿ ನೀರು ಹೊಡೆದಳು. ಹಿಂದೆ ರಾವಸಾಹೇಬರು ಅವಳ ಹುಟ್ಟು, ಅವಳ ಅವ್ವನ ನಡತೆ ಎಲ್ಲವನ್ನೂ ಹಿಡಿದು ಬೈಯುತ್ತಲೇ ಇದ್ದರು.

ಬೆಳಗಾವಿಯ ದವಾಖಾನೆಯಲ್ಲಿ ಒಂದು ಕಣ್ಣು ಹೋಯಿತು, ಇನ್ನೊಂದು ಉಳಿಯಿತು ಎಂದರು. ಉಳಿದದ್ದು ಕೂಡಲೇ ನೀರು ಹಾಕಿದ್ದರಿಂದ ಎಂದೂ ಅಂದರು.

ಇತ್ತ ಕಾರ್ಖಾನೆಯಲ್ಲಿ ಟಾಂಕಿಯ ನೀರನ್ನೆಲ್ಲ ಚೆಲ್ಲಿಸಿ, ತಿಕ್ಕಿಸಿ, ಭಟ್ಟರನ್ನು ಕರೆಸಿ ಗೋಮೂತ್ರ ಸಿಂಪಡಿಸಿದರು. ಹೊಸದಾಗಿ ಒಂದು ಮುಚ್ಚಳ, ಮುಚ್ಚಳಕ್ಕೊಂದು ಕೀಲಿ ಬಂತು. ನಟ್ಟು ಹಾಕಲು ಮಾತ್ರ ಯಾರೂ ಸರಿಯಾದ ಮನುಷ್ಯನನ್ನು ಕರೆಸಲಿಲ್ಲ. ಸೆಣಬು ಸುತ್ತಿ ಹೇಗೋ ಕೂಡಿಸಿದರು. ಆಮೇಲೆ ರಾವಸಾಹೇಬರಿಂದ ಕೇರಿಗೆ ಮಾತು ಬಂತು: ಲಗಮವ್ವ ತೆಂಗಿನಕಾಯಿ ಹಿಡಿದು ಬಂದು, ಕಾಲಿಗೆ ಬಿದ್ದು, ತಪ್ಪಾಯಿತು ಅನ್ನಬೇಕು. ಕಣ್ಣು ಹೋದದ್ದು ನಮ್ಮವನದು, ತಪ್ಪೂ ನಮ್ಮದೇ.

ದುರ್ಗಪ್ಪ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಊರಿಗೆ ಬಂದ ಮರುದಿನ ಲಗಮವ್ವ ಕಾರ್ಖಾನೆಗೆ ಹೊರಟಳು. ಗಂಡನೂ ಹಿಂದೆ ಬಂದ. ಅವಳ ಕೈಯಲ್ಲಿ ತೆಂಗಿನಕಾಯಿ ಇರಲಿಲ್ಲ.

ಅಂಗಳದಲ್ಲಿ ಲಾರಿ ನಿಂತಿತ್ತು. ಸೆಣಬು ಸುತ್ತಿದ ಕಡೆ ಮತ್ತೆ ಸೋರಲು ಹತ್ತಿ, ಮೂಗು ಹರಿಯುವಂಥ ವಾಸನೆ.

"ಬಂದೇನ? ಅಲ್ಲೇ ದೂರ ನಿಂತ ಕಾಲ ಬೀಳು," ಎಂದರು ರಾವಸಾಹೇಬರು. "ಜಟ್ಟ್ಯಾ, ನೀ ನಟ್ಟ ಬಿಗಿಯೂ ಪಾನಾ ತಗೊಂಡ ಒಳಗ ನಡಿ. ಸವದತ್ತಿ ಸಾವಕಾರ್ರ ಮನ್ಯಾಗ ಲಗ್ನೈತಿ, ಬರ್ಫ ಹೋಗಬೇಕು."

"ನಮ್ಮಣ್ಣ ಹಂಗ ಹೋಗೂದಿಲ್ರಿ," ಎಂದಳು ಲಗಮವ್ವ. "ಮೊದಲ ಮಶಿನ್ ನಿಂದರಸ್ರಿ. ಒಳಗ ಹೋಗಾವಗ ಮಾಸ್ಕ ಕೊಡ್ರಿ. ಟಾಂಕಿ ಕೀಲಿ ತೆಗೀರಿ."

"ಭಾಳ ಮಾತಾಡಾಕ ಹತ್ತೀಯಲ್ಲಬೇ! ಎಮರ್ಜೆನ್ಸಿ ಐತಿ, ಗೊತ್ತೈತಿಲ್ಲೋ? ಒಂದ ಮಾತ ಹೇಳಿದ್ರ ಫೌಜದಾರ ಬಂದು ಎಲ್ಲಾರನ್ನೂ ಎಳಕೊಂಡ ಹೋಗತಾನ. ನೀಲಕಂಠಾ, ಹೋಗೋ, ನೀನ ಬಿಗೀ ಮಾಡಿ ಬಾ. ನೋಡ್ಲಿ ಈ ಬೋಳಿಮಕ್ಕಳು."

ನೀಲಕಂಠ ಮಾಸ್ಕನ್ನು ಹಣೆಗೇರಿಸಿ ಬಾಗಿಲ ಕಡೆ ನೋಡಿದ. ನಮ್ಮ ಕಡೆ ನೋಡಿದ.

"ನನಗ ಹೆಂಡ್ರು ಮಕ್ಕಳು ಅದಾರ್ರೀ, ರಾವಸಾಹೇಬ್ರ."

ಲಾದಿ ಹೊರುವ ಶಟ್ಟೆಪ್ಪ ಮೊದಲು ನಕ್ಕ. "ನಮ್ಮವೇನ ಮುಗಿಲಿಂದ ಉದುರ್ಯಾವೇನ್ರೀ, ಫೋರ್ಮನ್ನರ?" ಎಲ್ಲರೂ ನಕ್ಕೆವು. ಆ ಅಂಗಳದಲ್ಲಿ ನಾವು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ನಗುನಗುತ್ತಲೇ ನನ್ನ ಅಂಜಿಕೆ ಹೋಯಿತು. ಹೋಗಿ ಗೋಡೆಯ ಮೇಲಿದ್ದ ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆಳೆದೆ. ಬೆಲ್ಟು ತಿರುಗುತ್ತ ತಿರುಗುತ್ತ ನಿಂತಿತು. ಬೇಸಿಗೆಯುದ್ದಕ್ಕೂ ಬಡಿದುಕೊಳ್ಳುತ್ತಿದ್ದ ಮಶಿನ್ ಸುಮ್ಮನಾಯಿತು.

"ಹಾಕ್ಲೇ ಸ್ವಿಚ್! ಬರ್ಫ ಕರಗತೈತಲೇ, ಸೂಳೆಮಗನ!"

"ಕರಗಲಿ ಬಿಡ್ರಿ," ಎಂದೆ. "ಬರ್ಫ ನಾಳೆ ಮತ್ತ ಮಾಡಬಹುದು. ಕಣ್ಣ ಮಾಡಾಕ ಬರೂದಿಲ್ಲ."

ರಾವಸಾಹೇಬರು ನೀಲಕಂಠನ ಹಣೆಯ ಮೇಲಿದ್ದ ಮಾಸ್ಕನ್ನು ಕಿತ್ತು ನನ್ನ ಕಾಲ ಬಳಿ ಎಸೆದರು. "ತಗೋ, ಹಾಕ್ಕೊಂಡ ಸಾಯಿ. ಟಾಂಕಿ ಮಾತ್ರ ಕೇಳಬ್ಯಾಡ್ರಿ. ಊರ ಮಂದಿ ಬಾಯಿಗೆ ಹೋಗೂ ನೀರದು."

"ನಾವು ಮಂದಿ ಅಲ್ಲೇನ್ರೀ?" ಎಂದಳು ಲಗಮವ್ವ. ಲಾದಿ ಒಡೆಯುವ ಹಾರೆ ಎತ್ತಿಕೊಂಡು ಕೀಲಿಯ ಮೇಲೆ ಬಡಿದಳು. ಮತ್ತೊಮ್ಮೆ ಬಡಿದಳು. ಕೀಲಿ ಕಳಚಿ ಬಿತ್ತು.

ಮುಚ್ಚಳ ಸರಿಸಿ ಬೊಗಸೆ ತುಂಬಿ ದುರ್ಗಪ್ಪನಿಗೆ ಕುಡಿಸಿದಳು. ತಾನು ಕುಡಿದಳು, ಮುಖ ತೊಳೆದುಕೊಂಡಳು. ಆಮೇಲೆ ನಾನು, ಶಟ್ಟೆಪ್ಪ, ಉಳಿದವರೆಲ್ಲ. ವರ್ಷಗಟ್ಟಲೆ ಅದರ ಬರ್ಫನ್ನು ಬೆನ್ನ ಮೇಲೆ ಹೊತ್ತಿದ್ದೆ. ಆ ನೀರಿನ ರುಚಿ ನನಗೆ ತಿಳಿದದ್ದು ಅಂದು.

"ಪೊಲೀಸ್ರನ್ನ ಕರಸತೇನಿ!"

"ಕರಸ್ರಿ," ಎಂದ ದುರ್ಗಪ್ಪ. "ಬಿಸಲಾಗ ಬರತಾರ, ಪಾಪ. ಅವರಿಗೂ ನೀರ ಕೊಡತೇವಿ."

ನೀಲಕಂಠ ಸೈಕಲ್ ಹತ್ತಿ ಠಾಣೆಗೆ ಹೋದ. ನಾವು ಟಾಂಕಿಗೆ ಬೆನ್ನು ಕೊಟ್ಟು ಸಾಲಾಗಿ ಕುಳಿತೆವು. ಒಳಗೆ ಲಾದಿಗಳು ಕರಗಿ ನೀರು ಹೊಸ್ತಿಲು ದಾಟಿತು, ಹೊಟ್ಟನ್ನು ತೇಲಿಸಿಕೊಂಡು ನಮ್ಮ ತೊಡೆಯ ಕೆಳಗೆ ಹರಿಯಿತು. ರಾವಸಾಹೇಬರು ನೀರು ತುಳಿಯದಂತೆ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದರು.

ರಸ್ತೆಯಲ್ಲಿ ಜೀಪಿನ ಸಪ್ಪಳ ಕೇಳಿತು. ಶಟ್ಟೆಪ್ಪ ನನ್ನ ಮುಖ ನೋಡಿದ, ನಾನು ಲಗಮವ್ವನ ಮುಖ ನೋಡಿದೆ. ಅವಳು ಹಾರೆಯನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಕಣ್ಣಿನ ಪಟ್ಟಿಯನ್ನು ಸರಿಮಾಡುತ್ತಿದ್ದಳು. ಜೀಪು ಗೇಟಿನೊಳಗೆ ಬಂತು. ನಮ್ಮಲ್ಲಿ ಯಾರೂ ಏಳಲಿಲ್ಲ.