ಲವಂಗದ ದ್ವೀಪಕ್ಕೆ ಹೋದ ಕೂಸಿನ ತಕ್ಕಡಿ

ನಾನು ಒಂದು ತಕ್ಕಡಿ. ಹಾಗೆಂದ ಕೂಡಲೇ ಎರಡು ತಟ್ಟೆ, ನಡುವೆ ಒಂದು ದಂಡಿಗೆ ಎಂದುಕೊಳ್ಳಬೇಡಿ. ನನಗಿರುವುದು ಗಡಿಯಾರದಂಥ ದುಂಡು ಮುಖ, ಅದರಲ್ಲಿ ಒಂದೇ ಮುಳ್ಳು, ನೆತ್ತಿಯ ಮೇಲೊಂದು ಕೊಕ್ಕೆ, ಬುಡದಲ್ಲೊಂದು ಕೊಕ್ಕೆ. ಮೇಲಿನ ಕೊಕ್ಕೆಯಿಂದ ನನ್ನನ್ನು ನೇತುಹಾಕುತ್ತಾರೆ. ಕೆಳಗಿನದಕ್ಕೆ ಬಟ್ಟೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಹೊಟ್ಟೆಯೊಳಗೆ ಒಂದು ಸ್ಪ್ರಿಂಗ್. ನನ್ನ ಬದುಕೆಂದರೆ ಅದು ಹಿಗ್ಗಿದ್ದು, ಕುಗ್ಗಿದ್ದು, ಮತ್ತೆ ಹಿಗ್ಗಿದ್ದು. ಈಗ ದಣಿದಿದ್ದೇನೆ. ದಣಿದವರ ಮಾತು ಸ್ವಲ್ಪ ಅಡ್ಡಾದಿಡ್ಡಿ ಇರುತ್ತದೆ, ಸಹಿಸಿಕೊಳ್ಳಿ.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ದಪ್ಪ ಕನ್ನಡಕದ ಒಬ್ಬ ಮನುಷ್ಯ ನನ್ನ ಕೊಕ್ಕೆಗೆ ತೂಕದ ಬಟ್ಟುಗಳನ್ನು ಒಂದೊಂದಾಗಿ ಸಿಕ್ಕಿಸಿ, ಮುಳ್ಳು ಸರಿಯಾದ ಗೆರೆಗೆ ಬಂತೆಂದು ನೋಡಿ, ಮುಖಕ್ಕೆ ಗಾಜು ಹಾಕಿದ. ಅಲ್ಲಿಂದ ನೇರವಾಗಿ ಗದಗಿನ ಕಡೆಯ ಒಂದು ಆರೋಗ್ಯ ಉಪಕೇಂದ್ರಕ್ಕೆ ಬಂದೆ. ಅಲ್ಲಿಯ ನರ್ಸಬಾಯಿ ಕಸ್ತೂರಿ ಬೆಟಗೇರಿ. ಊರಿಗೆಲ್ಲ ಕಸ್ತೂರಕ್ಕ.

ಕಸ್ತೂರಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಬೇವಿನ ಕೊಂಬೆಗೆ ನನ್ನನ್ನು ಕಟ್ಟಿ, ಹಳೆಯ ಸೀರೆಯ ಜೋಳಿಗೆಯಲ್ಲಿ ಕೂಸನ್ನು ಇಟ್ಟು, ತೂಕವನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. "ಏ ಭೀಮಸೇನಾ, ನಿನ್ನ ಹೊತ್ತು ನಿಮ್ಮವ್ವನ ನಡಾ ಮುರೀತೈತೋ!" ಅನ್ನುತ್ತಿದ್ದಳು. ಆಮೇಲೆ ತಪ್ಪದೆ ಇನ್ನೊಂದು ಕೆಲಸ ಮಾಡುತ್ತಿದ್ದಳು. ಎರಡೂ ಕೈಗಳನ್ನು ಕೂಸಿನ ಮುಖದ ಮೇಲೆ ಸವರಿದಂತೆ ಮಾಡಿ, ಬೆರಳುಗಳನ್ನು ಮಡಚಿ ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿಯುತ್ತಿದ್ದಳು. ತನ್ನ ದೃಷ್ಟಿ ಕೂಸಿಗೆ ತಾಗಬಾರದಲ್ಲ! ತಾಯಂದಿರು ನಗುತ್ತಿದ್ದರು. ನನ್ನ ಸ್ಪ್ರಿಂಗ್ ಆಗ ಹೊಸದು, ಅವಳ ಮೊಣಕಾಲೂ ಗಟ್ಟಿ. ಇಬ್ಬರಿಗೂ ದಣಿವೆಂದರೆ ಏನೆಂದು ಗೊತ್ತಿರಲಿಲ್ಲ.

ಕಾಲ ನಿಲ್ಲಲಿಲ್ಲ. ಉಪಕೇಂದ್ರಕ್ಕೆ ಬ್ಯಾಟರಿಯ ತಕ್ಕಡಿ ಬಂತು, ನಾನು ಗುಜರಿಯ ಮೂಲೆ ಸೇರಿದೆ. ಅದೇ ವರ್ಷ ಕಸ್ತೂರಕ್ಕನೂ ನಿವೃತ್ತಳಾದಳು. ಹೋಗುವ ದಿನ ನನ್ನನ್ನು ಮೂಲೆಯಿಂದ ಎತ್ತಿ, ಧೂಳು ಒರೆಸಿ, "ನಿನಗೂ ಪೆನ್ಷನ್ ಆತೇನೋ?" ಎಂದು ಸೆರಗಿನಲ್ಲಿ ಸುತ್ತಿಕೊಂಡಳು.

ಮನೆಯಲ್ಲಿ ಕೂತು ಟಿವಿ ನೋಡುವ ಹೆಂಗಸಲ್ಲ ಅವಳು. ಆಫ್ರಿಕಾದ ಕರಾವಳಿಯಾಚೆ ಪೆಂಬಾ ಎಂಬ ದ್ವೀಪವಿದೆ, ಅಲ್ಲಿಯ ಹಳ್ಳಿಯೊಂದಕ್ಕೆ ತಾಯಿ-ಮಕ್ಕಳ ಆರೈಕೆಗೆ ಸ್ವಯಂಸೇವಕರು ಬೇಕು ಎಂದು ಪರಿಚಯದ ಡಾಕ್ಟರೊಬ್ಬರು ಹೇಳಿದ್ದೇ ತಡ, ಹೊರಟುನಿಂತಳು. "ಮುಸಲ್ಮಾನರ ಊರಂತ. ಅಲ್ಲಿ ನಿನಗ ಉಣ್ಣಾಕ ಏನ ಸಿಗತೈತಿ?" ಎಂದು ತಂಗಿ ಗೋಳಾಡಿದಳು. "ಅವರೂ ಹಸಿವಿಗೇ ಉಣ್ಣತಾರಲ್ಲ" ಎಂದು ಇವಳು ಪೆಟ್ಟಿಗೆಗೆ ಬೀಗ ಹಾಕಿದಳು. ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿಪುಡಿ, ನಡುವೆ ನಾನು.

ದ್ವೀಪಕ್ಕೆ ಕಾಲಿಟ್ಟೊಡನೆ ನನಗೆ ಬಡಿದದ್ದು ಲವಂಗದ ವಾಸನೆ. ರಸ್ತೆಯ ಅಂಚಿನಲ್ಲೆಲ್ಲ ಚಾಪೆ ಹಾಸಿ ಲವಂಗ ಒಣಗಿಸಿದ್ದರು. ಜನ ಒಳ್ಳೆಯವರು. ದಾರಿಯಲ್ಲಿ ಸಿಕ್ಕರೆ ಮನೆಯವರೆಲ್ಲರ ಯೋಗಕ್ಷೇಮ ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಕಸ್ತೂರಕ್ಕನನ್ನು 'ಮಾಮಾ' ಎಂದು ಕರೆದರು. ಅವರ ಸ್ವಾಹಿಲಿಯಲ್ಲಿ ಅಮ್ಮ ಎಂದರ್ಥ. "ನಾನು ಯಾವಾಗ ಇವರ ಸೋದರಮಾವ ಆದೆ?" ಎಂದು ಅವಳು ನನ್ನೆದುರು ನಕ್ಕಳು. ಅವಳು ಮುರುಕು ಸ್ವಾಹಿಲಿಯಲ್ಲಿ ಆಡಿದ್ದನ್ನೆಲ್ಲ ನಾನು ಇಲ್ಲಿ ಅವಳ ಗದಗಿನ ಮಾತಿನಲ್ಲೇ ಹೇಳುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳುತ್ತಿತ್ತು.

ಆರೋಗ್ಯ ಕೇಂದ್ರದ ಮುಂದಿನ ಮಾವಿನ ಮರಕ್ಕೆ ನನ್ನನ್ನು ಕಟ್ಟಿದಾಗ ಹೆಂಗಸರು ಮುಖ ಮುಖ ನೋಡಿಕೊಂಡರು. ನನ್ನಂಥವನಿಂದ ಅಲ್ಲಿ ಮೀನು ತೂಗುತ್ತಾರೆ. ಅಶೂರಾ ಎಂಬ ಹಿರಿಯಳಿಗೆ ಊರಲ್ಲಿ ಬಹಳ ಮರ್ಯಾದೆ, ಗೌರವಕ್ಕೆ 'ಬಿ' ಸೇರಿಸಿ ಬಿ ಅಶೂರಾ ಎನ್ನುತ್ತಿದ್ದರು. ಬಾಯಿ ಮಾತ್ರ ಚೂಪು. "ಕಸ್ತೂರಿ, ನನ್ನ ಮೊಮ್ಮಗ ಏನು ಆಕ್ಟೋಪಸ್ಸೇ, ಕೊಕ್ಕೆಗೆ ಹಾಕೋಕೆ?" ಎಂದಳು. ಎಲ್ಲರೂ ನಕ್ಕರು. ನಗುತ್ತಲೇ ಮಗಳು ರಾಯಾಳ ಚೊಚ್ಚಲ ಕೂಸನ್ನು ತಾನೇ ಎತ್ತಿ ಜೋಳಿಗೆಗೆ ಇಟ್ಟಳು. ಕೂಸಿನ ಹೆಸರು ಹಮದ್. ಹಣೆಗೆ ಕಾಡಿಗೆ ಬಳಿದಿದ್ದರು. ಗುಂಡಗಿದ್ದ. ನನ್ನ ಸ್ಪ್ರಿಂಗ್ ಬಹಳ ದಿನಗಳ ಮೇಲೆ ಖುಷಿಯಿಂದ ಹಿಗ್ಗಿತು.

ಅಲ್ಲೇ ಆದದ್ದು ಎಡವಟ್ಟು. ಹಳೆಯ ಹುಮ್ಮಸ್ಸಿನಲ್ಲಿ ಕಸ್ತೂರಕ್ಕ ತೂಕವನ್ನು ಗಟ್ಟಿಯಾಗಿ ಕೂಗಿ, "ಅಬಬಬಾ, ಎಂಥಾ ದಪ್ಪ ಹುಡುಗ! ಊರಾಗ ಇವನಂಥವ ಇನ್ನೊಬ್ಬ ಇಲ್ಲ!" ಎಂದಳು. ನಂತರ ಕೂಸಿನ ಮುಖದ ಮೇಲೆ ಕೈ ಆಡಿಸಿ, ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದಳು. ಮರದ ಕೆಳಗೆ ನಗು ನಿಂತಿತು. ರಾಯಾ ಕೂಸನ್ನು ಕಿತ್ತುಕೊಂಡಂತೆ ಎತ್ತಿಕೊಂಡಳು. ಕಸ್ತೂರಕ್ಕ ಗಮನಿಸಲಿಲ್ಲ, ಮುಂದಿನ ಕೂಸಿಗೆ ಕೈ ಚಾಚಿದ್ದಳು.

ಆ ವಾರವೇ ಹಮದ್‌ಗೆ ಜ್ವರ, ಭೇದಿ. ಪಟ್ಟಣದ ಆಸ್ಪತ್ರೆಗೆ ಒಯ್ದು ಉಳಿಸಿಕೊಂಡು ಬಂದರು. ಆದರೆ ಅಲ್ಲಿಂದಾಚೆ ನನ್ನ ಜೋಳಿಗೆಗೆ ಒಂದು ಕೂಸೂ ಬರಲಿಲ್ಲ.

ಯಾರೂ ಜಗಳವಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಎಂದಿನಂತೆ ಯೋಗಕ್ಷೇಮ ಕೇಳಿದರು. ಅವಳು ಮೀನು ಮುಟ್ಟುವುದಿಲ್ಲವೆಂದು ತಿಳಿದು, ತೆಂಗಿನ ಹಾಲಿನಲ್ಲಿ ಬೇಯಿಸಿದ ಮರಗೆಣಸನ್ನೇ ಕಳಿಸಿದರು. ಕೂಸನ್ನು ಕರೆತನ್ನಿ ಎಂದರೆ ಮಾತ್ರ "ಇನ್‌ಷಾ ಅಲ್ಲಾ, ನಾಳೆ" ಅನ್ನುತ್ತಿದ್ದರು. ಆ ನಾಳೆ ಬರಲಿಲ್ಲ. ಕಸ್ತೂರಕ್ಕ ಬೆಳಿಗ್ಗೆ ನನ್ನನ್ನು ಕಟ್ಟುವಳು, ಸಂಜೆ ಬಿಚ್ಚುವಳು. ಖಾಲಿ ಜೋಳಿಗೆ ಗಾಳಿಗೆ ಅಲ್ಲಾಡುತ್ತಿತ್ತು. ಕೂಸು ಹೊತ್ತಾಗ ಆಗದ ದಣಿವು ನನಗೆ ಆ ದಿನಗಳಲ್ಲಿ ಆಯಿತು.

ರಂಜಾನ್ ಬಂತು. ಊರಿಗೆ ಊರೇ ಉಪವಾಸ. ಕಸ್ತೂರಕ್ಕ ಮಧ್ಯಾಹ್ನ ಕೋಣೆಯ ಕಿಟಕಿ ಮುಚ್ಚಿ, ಸೆಕೆಯಲ್ಲಿ ಬೆವರುತ್ತ, ಒಣರೊಟ್ಟಿಯನ್ನು ಸದ್ದಾಗದಂತೆ ಮುರಿದು ತಿನ್ನುತ್ತಿದ್ದಳು. ಸಂಜೆ ರಾಯಾ ತಟ್ಟೆಗೆ ಬಟ್ಟೆ ಮುಚ್ಚಿ ತಿಂಡಿ ತಂದುಕೊಡುತ್ತಿದ್ದಳು. ಬೆನ್ನಿಗೆ ಕಟ್ಟಿದ ಬಟ್ಟೆಯಿಂದ ಹಮದ್‌ನ ಕಾಲುಗಳು ಹೊರಗೆ ಜೋತುಬಿದ್ದಿರುತ್ತಿದ್ದವು. ಒಂದು ಸಂಜೆ ಕಸ್ತೂರಕ್ಕ ಆ ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟಳು. ಗೋಡೆಯ ಮೊಳೆಯಿಂದ ನನಗೂ ಕಂಡವು. ಪೊರಕೆಕಡ್ಡಿಯಂಥ ಕಾಲುಗಳು. ಜ್ವರ ಹೋಗಿತ್ತು, ಮೈ ಹಿಂದಿರುಗಿರಲಿಲ್ಲ. ಮೊಲೆಯೂಡುವ ತಾಯಿ ಹಗಲೆಲ್ಲ ನೀರೂ ಕುಡಿಯದೆ ಇದ್ದಳು. ಹೀಗೇ ಬಿಟ್ಟರೆ ಕೂಸು ಉಳಿಯುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು.

"ನಾಳೆ ಇವನ್ನ ತೂಗೋಣು, ರಾಯಾ."

"ಇನ್‌ಷಾ ಅಲ್ಲಾ, ಮಾಮಾ." ಅವಳು ಕಣ್ಣು ತಪ್ಪಿಸಿ ಹೋದಳು.

ಮರುದಿನ ಕಸ್ತೂರಕ್ಕ ಮರದಿಂದ ನನ್ನನ್ನು ಬಿಚ್ಚಿ ಸೀರೆಯಲ್ಲಿ ಸುತ್ತತೊಡಗಿದಳು. "ಸಾಕಾತಪ್ಪಾ. ಯಾರಿಗೂ ಬ್ಯಾಡಾದ ಮ್ಯಾಲ ಯಾಕ ಇರಬೇಕು? ಊರಿಗೆ ಹೋಗೂಣು." ಅವಳ ಕಣ್ಣೀರು ನನ್ನ ಗಾಜಿನ ಮೇಲೆ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದ ಬಿ ಅಶೂರಾ ಅದನ್ನು ಕಂಡು ಹತ್ತಿರ ಬಂದಳು.

"ಯಾಕೆ ಕಟ್ಟಿಡ್ತಿದ್ದೀಯ?"

"ನಾ ಏನ ತಪ್ಪ ಮಾಡೇನಿ ಅಂತ ಒಬ್ಬರರ ಹೇಳ್ರಿ! ದಿನಾ ಅನ್ನ ಕಳಸ್ತೀರಿ, ಕೂಸು ಯಾಕ ಕಳಸಂಗಿಲ್ಲ?"

ಮುದುಕಿ ಬೆಂಚಿನ ಮೇಲೆ ಕೂತಳು. ಹೊದ್ದ ಬಟ್ಟೆಯ ಅಂಚು ತಿರುವುತ್ತ ಹೇಳಿದಳು. "ನೀನು ಮಗುವನ್ನ ಹೊಗಳಿದೆ. 'ಮಾಷಾ ಅಲ್ಲಾ' ಅನ್ನಲಿಲ್ಲ. ದೇವರ ಹೆಸರಿಲ್ಲದ ಹೊಗಳಿಕೆ ಕಣ್ಣಾಗಿ ತಾಗುತ್ತೆ. ಅದು ಸಾಲದು ಅಂತ, ಅವನ ಮುಖದಿಂದ ಏನೋ ಎಳಕೊಂಡು ನಿನ್ನ ತಲೆ ಹತ್ತಿರ ಮೂಳೆ ಮುರಿದ ಹಾಗೆ ಮಾಡಿದೆ. ಮಗು ಜ್ವರ ಬಂದು ಮಲಗಿಬಿಡ್ತು. ನೀನು ಕೆಟ್ಟವಳಲ್ಲ ಅಂತ ನನಗೆ ಗೊತ್ತು. ಆದರೆ ಹೆಂಗಸರಿಗೆ ಭಯ."

ಕಸ್ತೂರಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವನ! ಅದು ದೃಷ್ಟಿ ತಗಿಯೋದು ರೀ! ಕೂಸಿಗೆ ತಾಗಿದ್ದೆಲ್ಲಾ ನನಗ ಬರಲಿ ಅಂತ ನಮ್ಮವ್ವ ನನಗ ಹಂಗ ತಗೀತಿದ್ದಳು!" ಎಂದು ಬಿ ಅಶೂರಾಳ ಮುಖದ ಮೇಲೆ ಕೈ ಸವರಿ ತೋರಿಸಿದಳು. ಬೆರಳುಗಳು ಲಟಲಟ ಎಂದವು. "ಕೇಳ್ರಿ, ಎಷ್ಟು ಸದ್ದ ಬಂತು ಅಷ್ಟು ದೃಷ್ಟಿ ಹೋತು."

ಮುದುಕಿ ಆ ಬೆರಳುಗಳನ್ನೇ ನೋಡಿದಳು. ಆಮೇಲೆ ಭುಜ ಕುಲುಕಿಸಿ ನಗತೊಡಗಿದಳು. ಉಪವಾಸದ ಬಾಯಿ ಒಣಗಿ ಕೆಮ್ಮು ಬಂತು, ಆದರೂ ನಕ್ಕಳು. "ಅಂದರೆ ನಮ್ಮ ಕಾಡಿಗೆ, ನಿಮ್ಮ ಬೆರಳು! ಎರಡೂ ಒಂದೇ ಕೆಲಸಕ್ಕೆ." ಮತ್ತೆ ಗಂಭೀರಳಾದಳು. "ಮನೆಗೆ ಬಾ. ತೂಕ ನೋಡು. ಆದರೆ ಬಾಯಲ್ಲಿ ಹೇಳಬೇಡ."

ಬಿ ಅಶೂರಾಳ ಮನೆಯ ತೊಲೆಗೆ ನನ್ನನ್ನು ಕಟ್ಟಿದರು. ಅಜ್ಜಿಯೇ "ಮಾಷಾ ಅಲ್ಲಾ" ಎನ್ನುತ್ತ ಹಮದ್‌ನನ್ನು ಜೋಳಿಗೆಗೆ ಇಟ್ಟಳು. ನಾನು ಕಾದೆ. ಸ್ಪ್ರಿಂಗ್ ಹಿಗ್ಗಲೇ ಇಲ್ಲವೇನೋ ಅನ್ನಿಸಿತು. ಇನ್ನಷ್ಟು ಕೆಳಗೆ ಎಳೆಯೋ ಮಗುವೇ ಎಂದು ಒಳಗೊಳಗೇ ಬೇಡಿಕೊಂಡೆ. ಮುಳ್ಳು ಮೊದಲು ನಿಂತಿದ್ದ ಗೆರೆಗಿಂತ ಬಹಳ ಹಿಂದೆಯೇ ನಿಂತಿತು. ಕಸ್ತೂರಕ್ಕ ಅವತ್ತು ಕೂಗಲಿಲ್ಲ. ಅವಳ ಮುಖ ನೋಡಿಯೇ ರಾಯಾ ಗೋಡೆಗೆ ಒರಗಿ ಅತ್ತಳು.

"ಹಾಲೂಡಿಸುವವಳಿಗೆ ಉಪವಾಸ ಬಿಡೋಕೆ ಅಪ್ಪಣೆ ಇದೆ ಅಂತ ಎಷ್ಟು ಸಲ ಹೇಳಿದೆ!" ಎಂದು ಬಿ ಅಶೂರಾ ಮಗಳನ್ನು ಗದರಿದಳು.

"ಬಿಟ್ಟ ದಿನಗಳನ್ನ ಆಮೇಲೆ ಒಬ್ಬಳೇ ತೀರಿಸಬೇಕಲ್ಲಮ್ಮ. ಊರೆಲ್ಲ ಉಣ್ಣುವಾಗ ಒಬ್ಬಳೇ ಹಸಿದಿರೋದು ಹೇಗೆ? ಈಗಲೂ ಅಷ್ಟೇ. ಎಲ್ಲರೂ ಹಸಿದಿರುವಾಗ ನಾನೊಬ್ಬಳೇ ತಿಂದರೆ ಗಂಟಲಲ್ಲಿ ಇಳಿಯಲ್ಲ."

ಕಸ್ತೂರಕ್ಕ ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು. "ನನಗೂ ಇಳಿಯಂಗಿಲ್ಲವ್ವಾ. ಕಿಟಕಿ ಹಾಕ್ಕೊಂಡು ಕಳ್ಳರಂಗ ಒಬ್ಬಾಕಿನ ಉಣ್ಣತೇನಿ. ನಾಳಿಂದ ನೀ ನನ್ನ ಖೋಲಿಗೆ ಬಾ, ಇಬ್ಬರೂ ಕೂಡಿ ಉಣ್ಣೋಣು. ಮುಂದ ನೀ ಬಿಟ್ಟ ಉಪಾಸ ತೀರಸೋ ಮುಂದ ನಾನೂ ನಿನ್ನ ಕೂಡ ಉಪಾಸ ಇರತೇನಿ. ಆವಾಗ ನೀನೂ ಒಬ್ಬಾಕಿ ಅಲ್ಲ, ನಾನೂ ಒಬ್ಬಾಕಿ ಅಲ್ಲ."

ರಾಯಾ ತಾಯಿಯ ಮುಖ ನೋಡಿದಳು. ತಾಯಿ ತಲೆಯಾಡಿಸಿದಳು.

ಮರುದಿನದಿಂದ ಮುಚ್ಚಿದ ಕಿಟಕಿಯ ಹಿಂದೆ ಎರಡು ತಟ್ಟೆ. ಚಟ್ನಿಪುಡಿಯ ಖಾರಕ್ಕೆ ರಾಯಾಳ ಕಣ್ಣಲ್ಲಿ ನೀರು, ಕಸ್ತೂರಕ್ಕನ ನಗು. ಹಮದ್ ಜೋಳಿಗೆಯಲ್ಲಿ ನಿಧಾನವಾಗಿ ಭಾರವಾದ. ಹಬ್ಬ ಮುಗಿಯುವ ಹೊತ್ತಿಗೆ ಮಾವಿನ ಮರದ ಕೆಳಗೆ ಮತ್ತೆ ಹೆಂಗಸರು ಸಾಲುಗಟ್ಟಿದರು. ಕಸ್ತೂರಕ್ಕ ತೂಕ ಕೂಗುವುದನ್ನು ಬಿಟ್ಟಿದ್ದಳು. "ಮಾಷಾ ಅಲ್ಲಾ" ಎಂದು ಪಿಸುಗುಟ್ಟಿ, ತಾಯಿಗೆ ಮಾತ್ರ ಬೆರಳಿನಿಂದ ನನ್ನ ಮುಳ್ಳು ತೋರಿಸುತ್ತಿದ್ದಳು.

ಮಾತು ಕೊಟ್ಟಂತೆ ಉಪವಾಸವನ್ನೂ ಮಾಡಿದಳು. ನಮ್ಮ ಕಡೆ ಉಪವಾಸವೆಂದರೆ ಸಾಬೂದಾಣಿ, ಬಾಳೆಹಣ್ಣು, ಕುಡಿದಷ್ಟು ನೀರು. ಮೊದಲ ದಿನವೇ ಮಧ್ಯಾಹ್ನ ರೂಢಿಯಂತೆ ಲೋಟ ಎತ್ತಿದಳು. ರಾಯಾ ಅದನ್ನು ಕೈಯಿಂದ ಮೆಲ್ಲಗೆ ತೆಗೆದುಕೊಂಡು ಕೆಳಗಿಟ್ಟಳು. ಸಂಜೆ ಮಸೀದಿಯ ಬಾಂಗು ಕೇಳಿದಾಗ ಇಬ್ಬರೂ ಒಂದೇ ಖರ್ಜೂರವನ್ನು ಹಂಚಿಕೊಂಡರು. ಹೀಗೆ ಬಿಟ್ಟ ದಿನಗಳೆಲ್ಲ ತೀರಿದವು. ಕಸ್ತೂರಕ್ಕ ಮಾತ್ರ ಸೊರಗಿದಳು. ಮೊಣಕಾಲು ಮಡಚಲು ಬಾರದಂತಾಯಿತು. ಬಂದ ಅವಧಿಯೂ ಮುಗಿದಿತ್ತು.

ಹೊರಡುವ ದಿನ ನನ್ನನ್ನು ರಾಯಾಳ ಕೈಗೆ ಕೊಟ್ಟಳು. "ಇಂವಾ ಇಲ್ಲೇ ಇರಲಿ. ಅಲ್ಲಿ ಇವನ ಕೊಕ್ಕೆಗೆ ಯಾವ ಕೂಸೂ ಇಲ್ಲ" ಎಂದಳು. ರಾಯಾಳ ಸೊಂಟದ ಮೇಲಿದ್ದ ಹಮದ್ ನನ್ನ ಕೊಕ್ಕೆ ಹಿಡಿದು ಜಗ್ಗಿದ. ಬಸ್ಸು ಕದಲುವಾಗ ಬಿ ಅಶೂರಾ ಕಿಟಕಿಯ ಹತ್ತಿರ ಓಡಿಬಂದಳು. "ಮಾಷಾ ಅಲ್ಲಾ" ಎಂದು ಕಸ್ತೂರಕ್ಕನ ಮುಖದ ಮೇಲೆ ಎರಡೂ ಕೈ ಸವರಿ, ಬೆರಳು ಮಡಚಿ ತನ್ನ ಕಣತಲೆಗೆ ಒತ್ತಿದಳು. ಸೆಟೆದುಕೊಂಡಿದ್ದ ಮುದಿ ಬೆರಳುಗಳಲ್ಲಿ ಸದ್ದು ಬರಲಿಲ್ಲ. ಇನ್ನೊಮ್ಮೆ ಒತ್ತಿದಳು. ಒಂದೇ ಒಂದು ನೆಟಿಗೆ ಮುರಿಯಿತು. ಕಿಟಕಿಯೊಳಗೆ ಕಸ್ತೂರಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಈಗ ಕೇಂದ್ರಕ್ಕೆ ಹೊಸ ಯಂತ್ರ ಬಂದಿದೆ. ನಾನು ರಾಯಾಳ ಅಡುಗೆಮನೆಯ ಮೂಲೆಯಲ್ಲಿ, ಲವಂಗದ ಮೂಟೆಯ ಮೇಲೆ, ಅದೇ ಸೀರೆಯ ತುಂಡಿನಿಂದ ಮೊಳೆಗೆ ಕಟ್ಟಿಸಿಕೊಂಡು ತೂಗಾಡುತ್ತಿದ್ದೇನೆ. ಹಮದ್ ಈಗ ಮರ ಹತ್ತುತ್ತಾನೆ. ನನ್ನ ಸ್ಪ್ರಿಂಗ್ ಸೋತಿದೆ. ಕೊಕ್ಕೆಯಲ್ಲಿ ಏನೂ ಇಲ್ಲದಾಗಲೂ ಮುಳ್ಳು ಸೊನ್ನೆಗೆ ಮರಳುವುದಿಲ್ಲ. ಯಾರೋ ಒಂದು ಪುಟ್ಟ ಕೂಸು ಇನ್ನೂ ಮಲಗಿದ್ದಂತೆ ಅಷ್ಟು ಭಾರ ತೋರಿಸುತ್ತದೆ. ಕೆಟ್ಟಿದೆ, ಎಸೆದುಬಿಡು ಎಂದು ರಾಯಾಳ ಗಂಡ ಹೇಳಿದ. ಅವಳು ನನ್ನ ಗಾಜು ಒರೆಸಿ ಮತ್ತೆ ಮೊಳೆಗೆ ಹಾಕಿದಳು.